ಕೀಲಿಗಿಂತ ಮೊದಲು ಕಾಗದ

ನಮ್ಮ ಕಪಾಟಿನಲ್ಲಿ ಇನ್ನೂ ಒಂದು ಕಟ್ಟು ಗೃಹಪ್ರವೇಶದ ಆಮಂತ್ರಣ ಪತ್ರಿಕೆಗಳಿವೆ. ಗದಗಿನಲ್ಲಿ ಅಪ್ಪ ಮುಂದೆ ನಿಂತು ಅಚ್ಚು ಹಾಕಿಸಿದವು. ಮುಹೂರ್ತ 2025ರ ಫೆಬ್ರುವರಿಯದು. ಆ ದಿನ ನಾವು ಹೊಸ ಮನೆ ಹೊಕ್ಕಲಿಲ್ಲ. ಹೊಕ್ಕಿದ್ದು ನವೆಂಬರ್‌ನಲ್ಲಿ. ನಡುವೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪರಊರಿನಲ್ಲಿ ಬಿಲ್ಡರ್‌ನಿಂದ ಹೊಸ ಮನೆ ಕೊಳ್ಳಲು ಹೊರಟಿರುವ ನಮ್ಮವರಿಗೆ ಉಪಯೋಗಕ್ಕೆ ಬಂದೀತು.

ನಾನು ಪುಣೆಗೆ ಬಂದದ್ದು 2009ರಲ್ಲಿ. ಚಾಕಣದ ಒಂದು ಕಾರ್ಖಾನೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರ್. ಹದಿಮೂರು ವರ್ಷದಲ್ಲಿ ಐದು ಬಾಡಿಗೆ ಮನೆ ಬದಲಾಯಿಸಿದೆವು. ಇಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದ್ದು. ಹನ್ನೊಂದನೇ ತಿಂಗಳು ಬಂತೆಂದರೆ ನನ್ನ ಹೆಂಡತಿ ರಟ್ಟಿನ ಡಬ್ಬಿ ಕೂಡಿಡಲು ಶುರು ಮಾಡುತ್ತಿದ್ದಳು. ಮಗಳು ಐದನೇ ತರಗತಿಗೆ ಬಂದ ವರ್ಷ, 2022ರ ದಸರೆಯಲ್ಲಿ, ಇನ್ನು ಸಾಕು, ಸ್ವಂತದ್ದು ನೋಡೋಣ ಎಂದು ನಿರ್ಧರಿಸಿದೆವು.

ಕನ್ನಡ ಮಾತಾಡಿದ ಸೇಲ್ಸ್ ಆಫೀಸು

ಹಿಂಜವಡಿ ಕಡೆಯ ಒಂದು ಯೋಜನೆ ನೋಡಲು ಹೋದೆವು. ಕಟ್ಟಡ ಇನ್ನೂ ಪಾಯದಲ್ಲಿತ್ತು. ಸ್ಯಾಂಪಲ್ ಫ್ಲ್ಯಾಟ್ ಮಾತ್ರ ಮಿಂಚುತ್ತಿತ್ತು. ನಾವಿಬ್ಬರೂ ಅಡುಗೆಮನೆ ಚಿಕ್ಕದಾಯಿತು ಎಂದು ಪಿಸುಗುಡುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು. "ಚಿಕ್ಕದಿಲ್ಲ ಬಿಡ್ರಿ ಸರ್, ಡ್ರೈ ಬಾಲ್ಕನಿ ಬ್ಯಾರೆ ಐತಿ."

ವಿಜಯಪುರದ ಹುಡುಗ. ಇಪ್ಪತ್ತಾರು, ಇಪ್ಪತ್ತೇಳು ವಯಸ್ಸಿರಬಹುದು. ಅದುವರೆಗೆ ನಾಲ್ಕು ಕಡೆ ಹಿಂದಿಯಲ್ಲಿ, ಅರೆಬರೆ ಮರಾಠಿಯಲ್ಲಿ ವ್ಯವಹಾರ ಮಾಡಿ ದಣಿದಿದ್ದ ನಮಗೆ ಅವನ ಮಾತು ಕೇಳಿದ್ದೇ ಹೆಗಲ ಮೇಲಿನ ಭಾರ ಇಳಿದಂತಾಯಿತು. ಚಹಾ ಬಂತು, ಗೋಳಗುಮ್ಮಟದ ಮಾತು ಬಂತು, ಜೋಳದ ರೊಟ್ಟಿ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂಬ ಚರ್ಚೆಯಾಯಿತು. ಬೇರೆ ಕಡೆ ನಾನು ಕೇಳಿದ್ದ ಪ್ರಶ್ನೆಗಳನ್ನು ಇಲ್ಲಿ ಕೇಳಲೇ ಇಲ್ಲ. "ಬಾಲ್ಕನಿ ಮುಂದ ಪೂರಾ ಗಾರ್ಡನ್ ಬರತೈತ್ರಿ. ನಮ್ಮ ಮಂದಿಗೆ ನಾ ಸುಳ್ಳ ಹೇಳ್ತೀನೇನ್ರಿ?" ಎಂದ. ಒಪ್ಪಿಕೊಂಡೆ.

ಬೆಲೆ 72 ಲಕ್ಷ. ಅಂದೇ 51 ಸಾವಿರ ಟೋಕನ್ ಕೊಟ್ಟೆ. ದಸರೆಯ ರಿಯಾಯಿತಿ ಉಳಿಯಬೇಕಾದರೆ ವಾರದೊಳಗೆ ಶೇ 20ರಷ್ಟು ಕಟ್ಟಬೇಕು, ಕರಾರು ನೋಂದಣಿ ಆಮೇಲೆ ನಿಧಾನಕ್ಕೆ ಮಾಡೋಣ ಎಂದರು. ಅದು 14 ಲಕ್ಷದ ಮೇಲಿನ ಮಾತು. ಅದರಲ್ಲಿ 10 ಲಕ್ಷ ಅಪ್ಪ ಗದಗಿನ ಸೈಟು ಮಾರಿ ತೆಗೆದಿಟ್ಟ ಹಣ.

ಅಪ್ಪ ನಿವೃತ್ತ ಗ್ರಾಮ ಲೆಕ್ಕಿಗರು. ನಮ್ಮ ಕಡೆ ಹಳೆಯ ಮಂದಿ ಅವರನ್ನು ಈಗಲೂ ತಲಾಠಿ ಎಂದೇ ಕರೆಯುತ್ತಾರೆ. ಹಣ ಕಳಿಸಲು ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಉತಾರ ನೋಡಿದೇನೋ?"

ಇದು ಫ್ಲ್ಯಾಟು, ಹೊಲ ಅಲ್ಲ ಎಂದು ನಕ್ಕೆ. "ಫ್ಲ್ಯಾಟೇನು ಗಾಳ್ಯಾಗ ನಿಂತಿರತೈತೇನು? ಕಾಗದ ಆಗೂತನಾ ರೊಕ್ಕ ಕಳಸಂಗಿಲ್ಲ" ಎಂದರು. ಸಿಟ್ಟು ಬಂತು. ಆದರೆ ಆ ರಾತ್ರಿ ಕುಳಿತು ಓದಿದೆ. ಮೊದಲೇ ಓದಬೇಕಿತ್ತು.

ಕಾಯ್ದೆ ಹೇಳುವುದೇನು?

ರೇರಾ ಎಂದು ನಾವೆಲ್ಲ ಕರೆಯುವ ಸ್ಥಿರಾಸ್ತಿ ನಿಯಂತ್ರಣ ಕಾಯ್ದೆ 2016ರದು, ಪೂರ್ಣವಾಗಿ ಜಾರಿಯಾದದ್ದು 2017ರ ಮೇ 1ರಂದು. ಅದರ 13ನೇ ಸೆಕ್ಷನ್ ಪ್ರಕಾರ ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಕೊಳ್ಳುವವರಿಂದ ಬಂದ ಹಣದಲ್ಲಿ ಶೇ 70ರಷ್ಟನ್ನು ಆ ಯೋಜನೆಯ ಭೂಮಿ ಮತ್ತು ಕಟ್ಟಡದ ಖರ್ಚಿಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡಬೇಕು.

ಮರುದಿನ ಇದನ್ನು ಹೇಳಿದಾಗ ವಿಜಯಪುರದ ಹುಡುಗ ಮ್ಯಾನೇಜರನ್ನು ಕರೆದ. ಮ್ಯಾನೇಜರ್ ಐದು ನಿಮಿಷ ಒಳಗೆ ಹೋಗಿ ಬಂದು "ಶೇ 10 ಕೊಡಿ, ರಿಯಾಯಿತಿಯೂ ಇರುತ್ತದೆ" ಎಂದರು. ಹಿಂದಿನ ದಿನ ಆಗದ ಕೆಲಸ ಅಂದು ಆಯಿತು.

ಬ್ರೋಷರ್‌ನಲ್ಲಿ 1,050 ಚದರ ಅಡಿ ಎಂದಿದ್ದ ಮನೆ ಕರಾರಿನಲ್ಲಿ 722 ಚದರ ಅಡಿ ಕಾರ್ಪೆಟ್ ಆಯಿತು. ಕಾಯ್ದೆಗೆ ಲೆಕ್ಕ ಕಾರ್ಪೆಟ್ ಮಾತ್ರ. ಒಳಗೋಡೆಗಳು ಅದರಲ್ಲಿ ಸೇರುತ್ತವೆ, ಹೊರಗೋಡೆ ಮತ್ತು ಬಾಲ್ಕನಿ ಸೇರುವುದಿಲ್ಲ. ಇನ್ನು ಬೆಲೆ. 45 ಲಕ್ಷ ದಾಟಿದ, ಕಟ್ಟುತ್ತಿರುವ ಮನೆಗೆ ಶೇ 5 ಜಿಎಸ್‌ಟಿ, ಅಂದರೆ 3.60 ಲಕ್ಷ. ಪುಣೆಯಲ್ಲಿ ಮುದ್ರಾಂಕ ಶುಲ್ಕ ಶೇ 7, ಅಂದರೆ 5.04 ಲಕ್ಷ. ನೋಂದಣಿಗೆ 30 ಸಾವಿರ. 72 ಲಕ್ಷದ ಮನೆ 81 ಲಕ್ಷದ ಹತ್ತಿರ ಬಂದು ನಿಂತಿತು. 50 ಲಕ್ಷ ಮತ್ತು ಮೇಲಿನ ಮನೆಯಾದರೆ ಪ್ರತಿ ಕಂತಿನಲ್ಲಿ ಶೇ 1 ಟಿಡಿಎಸ್ ಮುರಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕಾದವರೂ ನಾವೇ. ಮರೆತರೆ ನೋಟಿಸ್ ಬರುವುದು ನಮಗೆ.

ಇಷ್ಟೆಲ್ಲ ಓದಿದವನು ಒಂದನ್ನು ಬಿಟ್ಟೆ. ಮಹಾರೇರಾ ಜಾಲತಾಣದಲ್ಲಿ ಪ್ರತಿ ಯೋಜನೆಯ ಮಂಜೂರಾದ ನಕ್ಷೆ ಯಾರು ಬೇಕಾದರೂ ನೋಡುವಂತೆ ಇರುತ್ತದೆ. ನಮ್ಮ ಬಾಲ್ಕನಿಯ ಮುಂದೆ ಏನಿದೆ ಎಂದು ನಾನು ಅದರಲ್ಲಿ ನೋಡಲಿಲ್ಲ. ಗಾರ್ಡನ್ ಎಂದು ಕನ್ನಡದಲ್ಲಿ ಕೇಳಿದ್ದೆನಲ್ಲ, ಅದು ಸಾಕಾಗಿತ್ತು. 2024ರಲ್ಲಿ ಅಲ್ಲಿ ಪಾಯ ತೋಡಿದಾಗ ನಕ್ಷೆ ತೆರೆದೆ. ಎರಡನೇ ಹಂತದ ಕಟ್ಟಡ ಮೊದಲ ದಿನದಿಂದಲೂ ಅದರಲ್ಲಿತ್ತು. ಆ ಹುಡುಗ ಆ ಹೊತ್ತಿಗೆ ಕೆಲಸ ಬಿಟ್ಟಾಗಿತ್ತು. ಫೋನ್ ಮಾಡಿದರೆ "ನಮಗೂ ಹಂಗs ಹೇಳಿದ್ರು ಸರ್" ಎಂದ. ಅವನು ಸುಳ್ಳು ಹೇಳಿರಲಿಲ್ಲ ಎಂದೇ ಈಗಲೂ ನಂಬಿದ್ದೇನೆ. ಆದರೆ ನಮ್ಮ ಬಾಲ್ಕನಿಗೆ ಮಧ್ಯಾಹ್ನ ಎರಡರ ಮೇಲೆ ಬಿಸಿಲಿಲ್ಲ.

ಡಿಸೆಂಬರ್‌ನ ಕೀಲಿ

ಕರಾರಿನ ಪ್ರಕಾರ 2024ರ ಡಿಸೆಂಬರ್ 31ರೊಳಗೆ ಮನೆ ಕೊಡಬೇಕಿತ್ತು. ಸಾಲದ ಕಂತು, ಬಾಡಿಗೆ, ಶಾಲೆಯ ಫೀಸು, ಮೂರೂ ಒಟ್ಟಿಗೆ ನಡೆಯುತ್ತಿದ್ದ ದಿನಗಳವು. ಡಿಸೆಂಬರ್ ಮೂರನೇ ವಾರ ಬಿಲ್ಡರ್ ಆಫೀಸಿನಿಂದ ಕರೆ ಬಂತು. "ಕೀಲಿ ತಗೊಳ್ಳಿ, ಒಳಗಿನ ಮರಗೆಲಸ ಶುರು ಮಾಡಿ. ಒಸಿ ತಿಂಗಳೊಪ್ಪತ್ತಿನಲ್ಲಿ ಬರುತ್ತದೆ."

ಒಸಿ ಎಂದರೆ ಸ್ವಾಧೀನಾನುಭವ ಪತ್ರ. ಮರಾಠಿಯಲ್ಲಿ ಭೋಗವಟಾ ಪತ್ರ ಎನ್ನುತ್ತಾರೆ. ಕಟ್ಟಡ ಮಂಜೂರಾದ ನಕ್ಷೆಯಂತೆ ಮುಗಿದಿದೆ, ಜನ ವಾಸಿಸಬಹುದು ಎಂದು ಪಾಲಿಕೆ ಕೊಡುವ ಪತ್ರ ಅದು. ನಮ್ಮ ಕಟ್ಟಡದಲ್ಲಿ ಅಗ್ನಿಶಾಮಕದ ಅಂತಿಮ ಒಪ್ಪಿಗೆಯೂ ಕೊಳಚೆ ನೀರು ಶುದ್ಧೀಕರಣ ಘಟಕವೂ ಬಾಕಿ ಇದ್ದವು.

ಅಪ್ಪನಿಗೆ ಹೇಳಿದೆ. ಅವರು ಸಂತೋಷದಿಂದ ಪತ್ರಿಕೆ ಅಚ್ಚು ಹಾಕಿಸಿಬಿಟ್ಟರು. ಕಾಕಾ, ಮಾವ, ಅತ್ತೆ ಎಲ್ಲರ ರೈಲು ಟಿಕೆಟ್ ಆದವು. ನಾನು ಕೀಲಿ ತರಲು ರಜೆ ಹಾಕಿ ಹೋದೆ, ಹೆಂಡತಿಯೂ ಬಂದಳು. ಪೊಸೆಷನ್ ಲೆಟರ್ ಮುಂದಿಟ್ಟರು. ಪೆನ್ನು ಕೈಯಲ್ಲಿತ್ತು. "ಮೂರನೇ ಪ್ಯಾರಾ ಓದಿದ್ರೇನು?" ಎಂದಳು.

ಮನೆಯ ಸ್ವಾಧೀನ ಪಡೆದಿದ್ದೇನೆ, ಕೆಲಸ ತೃಪ್ತಿಕರವಾಗಿದೆ, ತಡದ ಬಗ್ಗೆಯಾಗಲಿ ಬೇರೆ ಯಾವುದೇ ವಿಷಯದಲ್ಲಾಗಲಿ ನನ್ನ ತಕರಾರಿಲ್ಲ ಎಂದು ಅಲ್ಲಿತ್ತು. ಆ ಸಾಲು ತೆಗೆಯಿರಿ ಎಂದೆವು. ಎಲ್ಲರೂ ಇದಕ್ಕೇ ಸಹಿ ಮಾಡುತ್ತಿದ್ದಾರೆ ಎಂದರು. ಪೆನ್ನು ಇಟ್ಟು ಬಂದೆವು.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡುವುದು ಕಷ್ಟವಾಯಿತು. ಮುಹೂರ್ತ ತಪ್ಪಿಸುವುದು ಅವರಿಗೆ ಸಣ್ಣ ಮಾತಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಗದ ಇಲ್ಲದ ಮನ್ಯಾಗ ಪೂಜಿ ಮಾಡಿ ಏನ್ ಮಾಡೂದು. ನಾ ಎಲ್ಲಾರಿಗೂ ಹೇಳ್ತೀನಿ ಬಿಡು" ಎಂದರು. ಯಾರಿಗೆ ಏನೆಂದು ಹೇಳಿದರೋ, ನಾನು ಕೇಳಲಿಲ್ಲ.

ಅದೇ ಡಿಸೆಂಬರ್ 17ರಂದು ಮೇರಠ್‌ನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತು ಹೇಳಿತ್ತು. ಪೂರ್ಣತಾ ಪತ್ರ ಅಥವಾ ಸ್ವಾಧೀನಾನುಭವ ಪತ್ರ ಸಿಕ್ಕ ಮೇಲೆಯೇ ಮನೆ ಹಸ್ತಾಂತರಿಸಬೇಕು, ವಿದ್ಯುತ್, ನೀರು, ಒಳಚರಂಡಿ ಸಂಪರ್ಕವನ್ನೂ ಆ ಪತ್ರ ನೋಡಿಯೇ ಕೊಡಬೇಕು ಎಂಬುದು ಅದರ ನಿರ್ದೇಶನ. ಪತ್ರಿಕೆಯಲ್ಲಿ ಆ ಸುದ್ದಿ ಓದಿದಾಗ ನಾವು ಮಾಡಿದ್ದು ಹುಚ್ಚುತನವಲ್ಲ ಎಂದು ಧೈರ್ಯ ಬಂತು.

ಇಪ್ಪತ್ತೆರಡು ಮನೆಗಳು

ನಮ್ಮಂತೆ ಕೀಲಿ ಬೇಡವೆಂದವರನ್ನು ಕೂಡಿಸಿದ್ದು ಸಾತಾರಾ ಕಡೆಯ ಒಬ್ಬ ನಿವೃತ್ತ ಬ್ಯಾಂಕ್ ನೌಕರರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತೇವೆ. ನನ್ನ ಮರಾಠಿ ಅವರಿಗೆ ನಗೆ ತರಿಸುತ್ತದೆ, ಅವರ ಇಂಗ್ಲಿಷ್ ನನಗೆ. 96 ಮನೆಗಳಲ್ಲಿ ನಾವು 22 ಮನೆಯವರಾದೆವು. ಬಾಡಿಗೆಯ ಹೊರೆ ತಾಳದೆ ಕೀಲಿ ಪಡೆದು ಒಳಹೋದವರ ಮೇಲೆ ನನಗೆ ಬೇಸರವಿಲ್ಲ. ನಾವೂ ಎರಡು ಸಲ ಹಾಗೆ ಮಾಡುವವರಿದ್ದೆವು. ಆದರೆ ಆ ಬೇಸಿಗೆಯಿಡೀ ಅವರು ಟ್ಯಾಂಕರ್ ನೀರಿಗೆ ದುಡ್ಡು ಕೊಟ್ಟರು.

ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಹೇಳಿದ ದಿನಕ್ಕೆ ಮನೆ ಸಿಗದಿದ್ದರೆ ಎರಡು ದಾರಿ. ಮನೆ ಬಿಟ್ಟು ಹಣವನ್ನು ಬಡ್ಡಿಸಹಿತ ವಾಪಸ್ ಕೇಳಬಹುದು. ಮನೆಯೇ ಬೇಕೆಂದರೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ಮಹಾರಾಷ್ಟ್ರದಲ್ಲಿ ಬಡ್ಡಿಯ ದರ ಸ್ಟೇಟ್ ಬ್ಯಾಂಕಿನ ಗರಿಷ್ಠ ಎಂಸಿಎಲ್‌ಆರ್ ಮತ್ತು ಅದರ ಮೇಲೆ ಶೇ 2.

ಬಿಲ್ಡರ್ ವಕೀಲರು ಮಹಾರೇರಾದಲ್ಲಿ ನೋಂದಾಯಿಸಿದ ಮುಕ್ತಾಯದ ದಿನ 2025ರ ಡಿಸೆಂಬರ್, ಆದ್ದರಿಂದ ತಡವೇ ಆಗಿಲ್ಲ ಎಂದರು. ನಮ್ಮ ವಕೀಲರು 2020ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಮುಂದಿಟ್ಟರು. 18ನೇ ಸೆಕ್ಷನ್‌ಗೆ ಲೆಕ್ಕ ಹಿಡಿಯಬೇಕಾದದ್ದು ಕೊಳ್ಳುವವರ ಕರಾರಿನಲ್ಲಿರುವ ದಿನವನ್ನು, ನೋಂದಣಿಯ ದಿನವನ್ನಲ್ಲ ಎಂದು ಅದರಲ್ಲಿದೆ. ಕರಾರಿನಲ್ಲಿ ಆ ದಿನಾಂಕ ಖಾಲಿ ಬಿಡದೆ ಬರೆಸಿಕೊಂಡದ್ದು ನಮ್ಮನ್ನು ಉಳಿಸಿತು.

ಮಹಾರೇರಾದ ಸಂಧಾನ ವೇದಿಕೆಯಲ್ಲಿ ಬಿಲ್ಡರ್‌ಗಳ ಸಂಘದ ಮತ್ತು ಗ್ರಾಹಕ ಸಂಘಟನೆಯ ಪ್ರತಿನಿಧಿಗಳು ಒಟ್ಟಿಗೆ ಕೂರುತ್ತಾರೆ. ಮೂರು ಸಲ ಸೇರಿದ ಮೇಲೆ ಒಪ್ಪಂದವಾಯಿತು. ಒಸಿ ಬಂದದ್ದು 2025ರ ಆಗಸ್ಟ್ ಕೊನೆಗೆ. ಎಂಟು ತಿಂಗಳ ತಡಕ್ಕೆ ಆರು ತಿಂಗಳ ಬಡ್ಡಿಗೆ ಒಪ್ಪಿದೆವು. ನಾನು ಕಟ್ಟಬೇಕಿದ್ದ ಕೊನೆಯ ಶೇ 5ರ ಕಂತು ಹೆಚ್ಚುಕಡಿಮೆ ಅದರಲ್ಲೇ ಹೊಂದಿಕೆಯಾಯಿತು. ಇನ್ನೆರಡು ತಿಂಗಳದ್ದಕ್ಕೆ ಹೋರಾಡಬಹುದಿತ್ತು. ಕಾಕಾ ಬೇಡವೆಂದರು. "ಇನ್ನು ಮುಂದೆ ಲಿಫ್ಟ್ ಕೆಟ್ಟರೂ ಅವರನ್ನೇ ಕರೆಯಬೇಕು" ಎಂದರು. ಅದೂ ಸರಿಯೇ. ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡರೆ ಸ್ವಾಧೀನದಿಂದ ಐದು ವರ್ಷ ಬಿಲ್ಡರ್ ಅದನ್ನು ಖರ್ಚಿಲ್ಲದೆ ಸರಿಪಡಿಸಿಕೊಡಬೇಕು. ಬಚ್ಚಲ ಗೋಡೆಯ ತೇವಕ್ಕೆ ನಾನು ಈಗಾಗಲೇ ಎರಡು ಇಮೇಲ್ ಕಳಿಸಿದ್ದೇನೆ. ಫೋನಿನಲ್ಲಿ ಹೇಳುವುದನ್ನು ಬಿಟ್ಟುಬಿಟ್ಟಿದ್ದೇನೆ.

ನೀವು ಚೆನ್ನೈನಲ್ಲಿರಿ, ಹೈದರಾಬಾದಿನಲ್ಲಿರಿ, ದೆಹಲಿಯಲ್ಲಿರಿ, ಕಾಯ್ದೆ ಕೇಂದ್ರದ್ದೇ. ಮಾರುವವರು ಯಾವ ಭಾಷೆಯಲ್ಲಿ ಮಾತಾಡಿದರೂ ಅವರು ಹೇಳಿದ್ದನ್ನು ಒಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಆ ರಾಜ್ಯದ ರೇರಾ ಜಾಲತಾಣದಲ್ಲಿ ನಕ್ಷೆ ತೆರೆದು ನಿಮ್ಮ ಕಿಟಕಿಯ ಮುಂದೆ ಏನಿದೆ ನೋಡಿ. ಬರೆದುಕೊಡಲು ಹಿಂಜರಿದ ಮಾತನ್ನು ಬೆಲೆಯಲ್ಲಿ ಸೇರಿಸಿ ಲೆಕ್ಕ ಹಾಕಬೇಡಿ.

ನವೆಂಬರ್‌ನಲ್ಲಿ ಗೃಹಪ್ರವೇಶವಾಯಿತು. ಅಪ್ಪ ಹೊಸ ಪತ್ರಿಕೆ ಅಚ್ಚು ಹಾಕಿಸಲಿಲ್ಲ, ಎಲ್ಲರಿಗೂ ಫೋನ್‌ನಲ್ಲೇ ಹೇಳಿದರು. ಪೂಜೆ ಮುಗಿದ ಮೇಲೆ ಬಾಲ್ಕನಿಯಲ್ಲಿ ಕುಳಿತು, ಎದುರಿನ ಗೋಡೆಗೆ ಬೆನ್ನು ಮಾಡಿ, ಕನ್ನಡಕ ಹಾಕಿಕೊಂಡು ನೋಂದಣಿಯ ಇಂಡೆಕ್ಸ್ ಟೂ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅದು ಮರಾಠಿಯಲ್ಲಿದೆ. ಅವರಿಗೆ ತೊಡಕಾಗಲಿಲ್ಲ.

ಕಳೆದ ತಿಂಗಳು ವಿಜಯಪುರದ ಹುಡುಗನ ಫೋನ್ ಬಂತು. ಮದುವೆಯಾಗಿದೆಯಂತೆ, ನಮ್ಮ ಕಡೆ ಬಾಡಿಗೆ ಮನೆ ಹುಡುಕುತ್ತಿದ್ದಾನೆ. ಎರಡನೇ ಹಂತದ ಕಟ್ಟಡದಲ್ಲಿ, ನಮ್ಮ ಬಾಲ್ಕನಿಯ ಎದುರಿಗೇ, ಒಂದು ಮನೆ ಖಾಲಿ ಇದೆ ಎಂದೆ.

"ಅದಕ್ಕ ಒಸಿ ಬಂದೈತೇನ್ರಿ ಸರ್?" ಎಂದು ಕೇಳಿದ.