ನಂದಿಯ ತಪ್ಪಲಲ್ಲಿ ಐದು ಲೋಟ, ಒಂದು ಗೊಂಚಲು

ದೊಡ್ಡನೆಕ್ಕುಂದಿಯ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಆ ಶನಿವಾರ ಬೆಳಿಗ್ಗೆ ಆರೂವರೆಗೆ ಬಂದು ನಿಂತ ಜೀಪಿಗೆ ಬಾಗಿಲುಗಳೇ ಇರಲಿಲ್ಲ. ಸೆಕ್ಯುರಿಟಿಯವರು ರಿಜಿಸ್ಟರ್ ಹಿಡಿದು ಬಂದು, ಯಾವ ಫ್ಲ್ಯಾಟು, ಏನು ಡೆಲಿವರಿ ಎಂದು ಕೇಳಿದರು.

‘ಡೆಲಿವರಿ ಅಲ್ಲಪ್ಪ, ಪಿಕಪ್ಪು. ನಾಲ್ಕು ಜನಾನ ದ್ರಾಕ್ಷಿ ತೋಟಕ್ಕೆ ಕರ್ಕೊಂಡೋಗ್ಬೇಕು’ ಎಂದರು ಸ್ಟಿಯರಿಂಗ್ ಹಿಡಿದಿದ್ದವರು. ತಲೆಗೆ ಟೋಪಿ, ಹೆಗಲಿಗೆ ಟವೆಲ್ಲು, ಡ್ಯಾಶ್‌ಬೋರ್ಡಿನ ಮೇಲೆ ಗಣಪನ ಪಕ್ಕ ಒಂದು ಹಳೆಯ ಕತ್ತರಿ. ಹೆಸರು ಹಾಕಬೇಡಿ ಎಂದು ಆಮೇಲೆ ಕೇಳಿಕೊಂಡರು. ಅವರ ಊರಲ್ಲಿ ಎಲ್ಲರೂ ಕರೆಯುವಂತೆ ನಾನೂ ಗೌಡ್ರು ಎನ್ನುತ್ತೇನೆ.

ವಾರಾಂತ್ಯದ ವೈನ್ ಪ್ರವಾಸದ ಬಗ್ಗೆ ಬರೆಯಲೆಂದು ಹೊರಟವನು ನಾನು. ಬೆಂಗಳೂರಿನ ಐಟಿ ಕಂಪನಿಗಳ ಹುಡುಗರು ಹುಡುಗಿಯರು ಈಗ ನಂದಿ ಬೆಟ್ಟದಲ್ಲಿ ಸೂರ್ಯೋದಯ ನೋಡಿ, ತಪ್ಪಲಿನ ಮಣ್ಣಿನ ದಾರಿಗಳಲ್ಲಿ ಫೋರ್ ಬೈ ಫೋರ್ ಜೀಪಿನಲ್ಲಿ ಮೈ ಮುರಿಸಿಕೊಂಡು, ಮಧ್ಯಾಹ್ನ ಯಾವುದಾದರೂ ವೈನರಿಯಲ್ಲಿ ಲೋಟ ಹಿಡಿದು ಕೂರುತ್ತಾರೆ. ಲೇಖನಕ್ಕೆ ಅಷ್ಟು ಸಾಕಿತ್ತು. ಆದರೆ ಬೂದಿಗೆರೆ ಕ್ರಾಸ್ ದಾಟುವ ಹೊತ್ತಿಗೇ ನನ್ನ ನೋಟ್‌ಬುಕ್ಕಿನಲ್ಲಿ ವೈನಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಇದ್ದದ್ದೆಲ್ಲ ಗೌಡರ ಮಾತು.

ಗೌಡರಿಗೆ ಅರವತ್ತೆರಡು. ದೇವನಹಳ್ಳಿ ಕಡೆ ನಾಲ್ಕು ಎಕರೆ ನೀಲಿ ದ್ರಾಕ್ಷಿ ಇತ್ತು. ವಿಮಾನ ನಿಲ್ದಾಣ ಬರುತ್ತದೆಂಬ ಸುದ್ದಿ ಗಟ್ಟಿಯಾದ ಮೇಲೆ ಸುತ್ತಲಿನವರು ಒಬ್ಬೊಬ್ಬರಾಗಿ ಮಾರಿದರು, ಇವರೂ ಮಾರಿದರು. ಬಂದ ದುಡ್ಡಿನಲ್ಲಿ ಮನೆ ಎದ್ದಿತು, ಮಗಳ ಮದುವೆಯಾಯಿತು. ಉಳಿದದ್ದರಲ್ಲಿ ಈ ಜೀಪು. ‘ತೋಟ ಇದ್ದಾಗ ಔಷಧಿ ಡ್ರಮ್ಮು ಹೊರೋಕೆ ಜೀಪು ಬೇಕು ಅಂತ ಆಸೆ ಇತ್ತು. ಜೀಪು ಬಂತು, ತೋಟ ಹೋಯ್ತು’ ಎಂದರು. ಈಗ ಕಂಡವರ ತೋಟಗಳ ನಡುವೆ ಪ್ರವಾಸಿಗರನ್ನು ಕರೆದೊಯ್ಯುತ್ತಾರೆ. ವೈನ್ ಕುಡಿಯುವುದಿಲ್ಲ. ‘ಗಾಡಿ ಓಡಿಸ್ತೀನಲ್ಲ ಸಾರ್. ಮೂಸ್ತೀನಿ ಅಷ್ಟೆ.’

ದೇವನಹಳ್ಳಿ ಆಚೆ ಡಾಂಬರು ಬಿಟ್ಟೆವು. ಗೌಡರು ಇಳಿದು ನಾಲ್ಕೂ ಚಕ್ರಗಳ ಗಾಳಿ ಇಳಿಸಿದರು. ಕಲ್ಲು, ಮರಳಿನ ಮೇಲೆ ಟೈರು ಅಗಲವಾಗಿ ಹರಡಿ ಹಿಡಿತ ಸಿಗಲಿ ಎಂದು. ಒಣಗಿದ ಕೆರೆಯ ಅಂಗಳ, ನೀಲಗಿರಿ ತೋಪು, ಮಳೆಗಾಲದ ನೀರು ಕೊರೆದ ಕೊರಕಲು, ಬಂಡೆ ಒಡೆಯುವ ಕ್ವಾರಿಯ ಹಿಂದಿನ ದಾರಿ. ಒಂದು ಕೊರಕಲಲ್ಲಿ, ನಾನೇ ಓಡಿಸುತ್ತೇನೆಂದು ಹಟ ಹಿಡಿದು ಸ್ಟಿಯರಿಂಗ್ ತೆಗೆದುಕೊಂಡವನು ಲೋ ಗೇರ್ ಹಾಕುವುದನ್ನು ಮರೆತು ಜೀಪನ್ನು ಅಡ್ಡ ಸಿಕ್ಕಿಸಿದೆ. ಹಿಂದಿನ ಸೀಟಿನ ಮೂವರು ಸಾಫ್ಟ್‌ವೇರಿನವರು ಇಳಿದು ತಳ್ಳಿದರು. ಅವರಲ್ಲಿ ಇಬ್ಬರಿಗೆ ಕನ್ನಡ ಬಾರದು, ಆದರೂ ‘ಐಸಾ’ ಎಂದು ಗೌಡರು ಕೂಗಿದ್ದು ಎಲ್ಲರಿಗೂ ಅರ್ಥವಾಯಿತು.

ಕೆರೆ ಏರಿಯ ಮೇಲೆ ನಿಂತಾಗ ನೀರಿನ ಮಾತು ಬಂತು. ಈ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಅರ್ಕಾವತಿ ಹುಟ್ಟುವುದೇ ಈ ನಂದಿಯಲ್ಲಿ, ಆದರೆ ಹುಟ್ಟಿದ ಕಡೆ ಅದನ್ನು ಹುಡುಕಬೇಕು. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಈಗ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ ಈ ಕಡೆಯ ಕೆರೆಗಳಿಗೆ ತುಂಬಿಸುತ್ತಾರೆ. ಮೂರನೇ ಹಂತವೂ ಬೇಕೆಂದು ಇಲ್ಲಿನವರು ವರ್ಷಗಳಿಂದ ಕೇಳುತ್ತಿದ್ದಾರೆ. ‘ನಿಮ್ಮದು ಯಾವ ಕಡೆ?’ ಎಂದರು ಗೌಡರು. ದೊಡ್ಡನೆಕ್ಕುಂದಿ ಎಂದೆ. ‘ಹಂಗಾದ್ರೆ ನಿಮ್ಮ ಬಚ್ಚಲು ನೀರು ಕೋಲಾರಕ್ಕೆ ಹೋಗುತ್ತೆ, ನಮಗಲ್ಲ.’ ಹೌದು, ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು 2018ರಿಂದ ಕೋಲಾರದ ಕೆರೆಗಳ ಪಾಲು. ನಗರಕ್ಕೆ ಹಣ್ಣು ತರಕಾರಿ ಕೊಡುವ ಸೀಮೆಗೆ ನಗರ ಹಿಂತಿರುಗಿಸುತ್ತಿರುವುದು ಇದನ್ನು.

ತೋಟ ಬಂತು. ಕಲ್ಲುಕೂಚ ನೆಟ್ಟು, ತಂತಿ ಎಳೆದು, ತಲೆಯ ಮೇಲೆ ಹಬ್ಬಿಸಿದ ಚಪ್ಪರ ಒಂದು ಕಡೆ. ಅದು ನೀಲಿ ದ್ರಾಕ್ಷಿ. ಇನ್ನೊಂದು ಕಡೆ ಸೊಂಟದೆತ್ತರದ ತಂತಿಬೇಲಿಯಂತೆ ನೇರ ಸಾಲುಗಳು. ಅದು ವೈನ್ ದ್ರಾಕ್ಷಿ. ಗೌಡರು ಕತ್ತರಿ ಕೈಗೆತ್ತಿಕೊಂಡರು. ಏನನ್ನೂ ಕತ್ತರಿಸಲಿಲ್ಲ, ತೋರುಬೆರಳಿನಂತೆ ಅದನ್ನು ಹಿಡಿದು ಬಳ್ಳಿಯ ಹಳೆಯ ಗಾಯಗಳನ್ನು ಒಂದೊಂದಾಗಿ ತೋರಿಸಿದರು.

‘ಇದು ಏಪ್ರಿಲ್ ಕಟಿಂಗು, ಇದು ಅಕ್ಟೋಬರ್ ಕಟಿಂಗು. ಈ ಸಾಲು ಸವರಿದವನು ಎಡಗೈಯವನು, ನೋಡಿ ಗಾಯ ಯಾವ ಕಡೆ ಓರೆ ಇದೆ. ಇವನು ಆಳಲ್ಲ, ಕಲಿತವನು. ಚಿಗುರೊಡೆಯೋ ಕಣ್ಣಿನಿಂದ ಅರ್ಧ ಇಂಚು ಬಿಟ್ಟಿದ್ದಾನೆ. ಅಗೋ, ಆ ಸಾಲಿನವನಿಗೆ ಊಟದ ಹೊತ್ತಾಗಿತ್ತು.’

ಅರ್ಧ ಗಂಟೆ ಹೀಗೇ ನಡೆಯಿತು. ಪ್ರವಾಸದ ವೇಳಾಪಟ್ಟಿಯಲ್ಲಿ ಇದಕ್ಕೆ ಹತ್ತು ನಿಮಿಷ. ಉಳಿದವರು ಫೋಟೊ ತೆಗೆದುಕೊಳ್ಳಲು ಹೋದರು, ನಾನು ಅಲ್ಲೇ ನಿಂತೆ. ಫ್ರಾನ್ಸಿನಲ್ಲಿ ಚಳಿಗಾಲಕ್ಕೆ ಎಲೆ ಉದುರಿ ಬಳ್ಳಿ ತಾನಾಗಿ ಮಲಗುತ್ತದೆ, ವಸಂತಕ್ಕೆ ಏಳುತ್ತದೆ. ನಂದಿಯ ತಪ್ಪಲಲ್ಲಿ ಅಂಥ ಚಳಿಯಿಲ್ಲ. ಬಳ್ಳಿ ಸುಮ್ಮನೆ ಬೆಳೆಯುತ್ತಲೇ ಇರುತ್ತದೆ. ‘ಇಲ್ಲಿ ಬಳ್ಳಿಗೆ ನಿದ್ದೆ ಬರಲ್ಲ ಸಾರ್. ಕತ್ತರೀನೇ ಮಲಗಿಸ್ಬೇಕು, ಕತ್ತರೀನೇ ಎಬ್ಬಿಸ್ಬೇಕು.’ ಕೊಯ್ಲು ಮುಗಿದ ಮೇಲೆ ಏಪ್ರಿಲ್ ಹೊತ್ತಿಗೆ ಕಡ್ಡಿಗಳನ್ನು ತೀರ ಗಿಡ್ಡವಾಗಿ ಸವರುತ್ತಾರೆ. ಬೇಸಿಗೆಯಲ್ಲಿ ಬರುವ ಹೊಸ ಕಡ್ಡಿಯೊಳಗೆ ಮುಂದಿನ ಹೂವಿನ ಮೊಗ್ಗು ಕಟ್ಟುತ್ತದೆ. ಮಳೆ ಇಳಿದ ಮೇಲೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಆ ಮೊಗ್ಗು ಯಾವ ಕಣ್ಣಿನಲ್ಲಿದೆ ಎಂದು ಲೆಕ್ಕ ಹಾಕಿ ಅದನ್ನು ಉಳಿಸಿ ಕತ್ತರಿಸಬೇಕು. ಕಣ್ಣುಗಳು ಒಟ್ಟಿಗೆ ಒಡೆಯಲೆಂದು ಔಷಧಿ ಹಚ್ಚುವುದೂ ಉಂಟು. ಲೆಕ್ಕ ತಪ್ಪಿದರೆ ಎಲೆ ಬರುತ್ತದೆ, ಗೊಂಚಲು ಬರುವುದಿಲ್ಲ. ಕತ್ತರಿಸಿದ ತುದಿಯಿಂದ ಎರಡು ಮೂರು ದಿನ ನೀರು ತೊಟ್ಟಿಕ್ಕುತ್ತದೆ. ಬಳ್ಳಿ ಅಳುವುದು ಎನ್ನುತ್ತಾರೆ. ವೈನ್ ದ್ರಾಕ್ಷಿಗೆ ಎರಡು ಸಲ ಕತ್ತರಿ, ಆದರೆ ಒಂದೇ ಫಸಲು, ಫೆಬ್ರವರಿ–ಮಾರ್ಚಿನಲ್ಲಿ. ನೀಲಿ ದ್ರಾಕ್ಷಿ ಎರಡು ಕತ್ತರಿಗೂ ಹಣ್ಣು ಕೊಡುತ್ತದೆ. ಈ ಭಾಗದ ಸಣ್ಣ ರೈತ ಅದನ್ನು ಬಿಡದೆ ಹಿಡಿದುಕೊಂಡದ್ದು ಆ ಎರಡನೇ ಫಸಲಿಗಾಗಿ.

ಇನ್ನು ಇತಿಹಾಸ. ರಘುನಾಥಪುರದ ಗ್ರೋವರ್ ವೈನರಿಯ ಕಥೆ ಇಲ್ಲಿ ಎಲ್ಲರಿಗೂ ಬಾಯಿಪಾಠ. ಮುಂಬೈ ಉದ್ಯಮಿ ಕನ್ವಲ್ ಗ್ರೋವರ್ ವ್ಯಾಪಾರಕ್ಕೆಂದು ಫ್ರಾನ್ಸಿಗೆ ಹೋಗಿ ಬಂದು ವೈನಿಗೆ ಮನಸೋತರು. ಶಾಂಪೇನ್ ಪ್ರಾಂತ್ಯದ ವೈನ್ ತಜ್ಞ ಜಾರ್ಜ್ ವೆಸೆಲ್ ಅವರನ್ನು ಕರೆತಂದು ದೇಶ ಸುತ್ತಿಸಿ, ವರ್ಷಗಟ್ಟಲೆ ಪ್ರಯೋಗ ಮಾಡಿ, ನಂದಿಯ ತಪ್ಪಲನ್ನು ಆರಿಸಿಕೊಂಡರು. 1988ರಲ್ಲಿ ಕಂಪನಿ ಶುರುವಾಯಿತು. ಮುಂದೆ ಬೋರ್ಡೊದ ಮಿಶೆಲ್ ರೋಲಾನ್ ಸಲಹೆಗಾರರಾದರು. 2012ರಲ್ಲಿ ನಾಸಿಕ್ ಕಡೆಯ ವ್ಯಾಲೆ ದ ವಾ ಜೊತೆ ಸೇರಿ ಗ್ರೋವರ್ ಝಾಂಪಾ ಆಯಿತು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು, ವೈನ್ ಮಂಡಳಿ ಕಟ್ಟಿತು. ಆ ಮೇಲೆ ಚನ್ನಪಟ್ಟಣದ ಬಳಿ, ಹಂಪಿ ಕಡೆಯ ಬೆಟ್ಟಗಳಲ್ಲಿ, ಕೃಷ್ಣಾ ಕಣಿವೆಯಲ್ಲಿ ವೈನರಿಗಳು ತಲೆಯೆತ್ತಿದವು. ಕರಪತ್ರದಲ್ಲಿರುವುದು ಇಷ್ಟು, ನನಗೂ ಇಷ್ಟು ಸಾಕು.

ಗ್ರೋವರ್ ವೈನರಿಯೊಳಗೆ ನಾವು ಹೆಚ್ಚು ಹೊತ್ತು ಕಳೆಯಲಿಲ್ಲ. ಬಿಳಿ ವೈನಿಗೆ ಹಣ್ಣು ಹಿಂಡಿ ರಸ ಮಾತ್ರ ಹುದುಗಿಸುತ್ತಾರೆ, ಕೆಂಪಿಗೆ ಸಿಪ್ಪೆ ಸಮೇತ. ಬಣ್ಣವೂ ಒಗರೂ ಬರುವುದು ಸಿಪ್ಪೆಯಿಂದ. ಆಳೆತ್ತರ ಮೀರಿದ ಸ್ಟೀಲ್ ಟ್ಯಾಂಕುಗಳು ನೋಡಲು ಡೈರಿಯವನ್ನೇ ಹೋಲುತ್ತವೆ. ಓಕ್ ಪೀಪಾಯಿಗಳ ತಣ್ಣನೆಯ ಕೋಣೆ ಮಾತ್ರ ಬೇರೆ. 225 ಲೀಟರಿನ ಪೀಪಾಯಿಗಳ ಸಾಲು, ಮಂದ ಬೆಳಕು, ಮರದ ವಾಸನೆ. ಅಲ್ಲಿ ಎಲ್ಲರೂ ಗರ್ಭಗುಡಿಯ ಮುಂದೆ ನಿಂತಂತೆ ದನಿ ತಗ್ಗಿಸಿದರು, ಯಾರೂ ಹೇಳದೆ.

ಆಮೇಲೆ ರುಚಿ ನೋಡುವ ಮೇಜು. ಐದು ಲೋಟ, ಪ್ರತಿಯೊಂದರಲ್ಲೂ ಎರಡು ಗುಟುಕು. ನೊರೆಯುಕ್ಕುವ ವೈನು ಮೊದಲು, ಆಮೇಲೆ ಸೊವಿನ್ಯೊ ಬ್ಲಾಂಕ್, ವಿಯೊನ್ಯೆ, ಗುಲಾಬಿ ಬಣ್ಣದ್ದೊಂದು, ಕೊನೆಗೆ ಕ್ಯಾಬರ್ನೆ ಮತ್ತು ಶಿರಾಜ್ ಬೆರೆಸಿದ ಲಾ ರಿಸರ್ವ್. ಕಲಿಸುವ ಹುಡುಗಿ ಚೆನ್ನಾಗಿ ಕಲಿಸಿದಳು. ಲೋಟದ ಕಾಲನ್ನು ಹಿಡಿಯಿರಿ, ಹೊಟ್ಟೆಯನ್ನು ಹಿಡಿದರೆ ಕೈಯ ಬಿಸಿ ತಾಗುತ್ತದೆ. ಒಮ್ಮೆ ತಿರುಗಿಸಿ, ಮೂಗಿಟ್ಟು ಎಳೆದುಕೊಳ್ಳಿ. ಗುಟುಕನ್ನು ಬಾಯಿ ತುಂಬ ಓಡಾಡಿಸಿ, ಬೇಡವಾದರೆ ಉಗುಳಿ. ಉಗುಳಲು ಪಾತ್ರೆಯಿತ್ತು, ಯಾರೂ ಬಳಸಲಿಲ್ಲ. ಯಾವ ಹಣ್ಣಿನ ವಾಸನೆ ಬರುತ್ತಿದೆ ಎಂದು ಕೇಳಿದಾಗ ನಮ್ಮವರು ಪೀಚು, ಪ್ಲಮ್ಮು, ಬ್ಲ್ಯಾಕ್‌ಕರಂಟು ಎಂದೆಲ್ಲ ಹೇಳಿದರು. ಗೌಡರು ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತು ಒಂದು ಲೋಟ ಮೂಸಿ ‘ದಪ್ಪ ಮೆಣಸಿನಕಾಯಿ ಕುಯ್ದಂಗಿದೆ’ ಎಂದರು. ಅದು ಸೊವಿನ್ಯೊ ಬ್ಲಾಂಕ್. ಹುಡುಗಿ ಚಪ್ಪಾಳೆ ತಟ್ಟಿದಳು. ಆ ದ್ರಾಕ್ಷಿಯಲ್ಲಿ ದೊಣ್ಣೆ ಮೆಣಸಿನಕಾಯಿಯಲ್ಲಿರುವ ಪರಿಮಳದ ಅಂಶವೇ ಇದೆಯಂತೆ.

ಎಲ್ಲ ಮುಗಿದ ಮೇಲೆ ನಾನು ಕೇಳಿದೆ: ಇಷ್ಟು ಲೋಟದಲ್ಲಿ ನೀಲಿ ದ್ರಾಕ್ಷಿಯದು ಯಾವುದು? ಯಾವುದೂ ಅಲ್ಲ.

ಈ ನೀಲಿ ದ್ರಾಕ್ಷಿ, ಅಂದರೆ ಬೆಂಗಳೂರು ನೀಲಿ, ಈ ಸೀಮೆಯಲ್ಲಿ ನೂರೈವತ್ತು ವರ್ಷಗಳಿಂದ ಇದೆ ಎನ್ನುತ್ತಾರೆ. ಬೆಂಗಳೂರು ನಗರ, ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಇದರ ತವರು. 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಇದರಲ್ಲಿದೆ. ಇಸಾಬೆಲ್ಲಾ ಎಂಬ ತಳಿಯೇ ಇಲ್ಲಿ ಬೆಂಗಳೂರು ನೀಲಿಯಾಯಿತು ಎಂಬುದು ತಜ್ಞರ ಮಾತು. ಆ ಇಸಾಬೆಲ್ಲಾವನ್ನು ಫ್ರಾನ್ಸ್ 1930ರ ದಶಕದಲ್ಲಿ ಕಾನೂನು ಮಾಡಿ ವೈನ್ ತೋಟಗಳಿಂದ ಹೊರಗಿಟ್ಟಿತು. ಅದರ ಕಡುವಾಸನೆಗೆ ವೈನ್ ಲೋಕದಲ್ಲಿ ‘ನರಿ ವಾಸನೆ’ ಎಂದೇ ಹೆಸರು. ಹಿಂತಿರುಗುವ ದಾರಿಯಲ್ಲಿ ಇದನ್ನು ಹೇಳಿದಾಗ ಗೌಡರು ಜೀಪು ನಿಲ್ಲಿಸಿ ನಕ್ಕರು. ‘ನರಿಗೆ ದ್ರಾಕ್ಷಿ ಸಿಗದಿದ್ರೆ ಹುಳಿ ಅನ್ನುತ್ತೆ ಅಂತ ಕೇಳಿದ್ದೆ. ದ್ರಾಕ್ಷೀನೇ ನರಿ ಅಂದೋರು ಇವರೇ ಮೊದಲು.’

ನಾವು ಚಿಕ್ಕಂದಿನಲ್ಲಿ ಸ್ಕೂಲಿನ ಮುಂದೆ ಕೊಳ್ಳುತ್ತಿದ್ದ ನೇರಳೆ ಬಣ್ಣದ ಪೆಪ್ಪರ್‌ಮಿಂಟಿನ ರುಚಿ ನೆನಪಿದೆಯೆ? ಆ ಕೃತಕ ದ್ರಾಕ್ಷಿ ಪರಿಮಳವೂ ಈ ನರಿ ವಾಸನೆಯೂ ಒಂದೇ ರಾಸಾಯನಿಕ. ಅಗ್ಗದ ಸಿಹಿ ಪೋರ್ಟ್ ವೈನು, ಜ್ಯೂಸು, ಜಾಮು, ಇಷ್ಟಕ್ಕೆ ಈ ಹಣ್ಣು ಹೋಗುತ್ತದೆ. ಒಳ್ಳೆಯ ವೈನಾಗಲಾರದು ಎಂಬುದನ್ನು ನಾನು ಒಪ್ಪುತ್ತೇನೆ, ಕುಡಿದೂ ನೋಡಿದ್ದೇನೆ. ಆದರೆ ದ್ರಾಕ್ಷಿ ಸೀಮೆ ತೋರಿಸುತ್ತೇವೆಂದು ಕರೆದೊಯ್ದು ಆ ಸೀಮೆಯ ಹಣ್ಣನ್ನೇ ಬಾಯಿಗೆ ಹಾಕದೆ ಕಳಿಸುವುದು ಸರಿಯೆನಿಸಲಿಲ್ಲ. ಐದು ಲೋಟದ ಪಕ್ಕ ಒಂದು ಸಣ್ಣ ತಟ್ಟೆಯಲ್ಲಿ ನಾಲ್ಕು ಹಣ್ಣು ಇಟ್ಟರೆ ಖರ್ಚೇನೂ ಇಲ್ಲ.

ಹಣ್ಣಿಗೆ ಕಷ್ಟ ಒಂದೆರಡಲ್ಲ. ಬೂದಿ ರೋಗ, ಮೋಡ ಕವಿದರೆ ಔಷಧಿ, ಮಾರ್ಚಿನ ಆಲಿಕಲ್ಲು. 2020ರ ಲಾಕ್‌ಡೌನ್ ಬಂದದ್ದು ಸರಿಯಾಗಿ ಕೊಯ್ಲಿನ ಹೊತ್ತಿಗೆ. ಗೊಂಚಲು ಬಳ್ಳಿಯಲ್ಲೇ ಕೊಳೆತವು, ತಿಪ್ಪೆ ಸೇರಿದವು. ಇವೆಲ್ಲ ಒಂದು ವರ್ಷದ ನಷ್ಟ. ಭೂಮಿಯದು ಹಾಗಲ್ಲ. 2008ರಲ್ಲಿ ವಿಮಾನ ಹಾರಿದ ಮೇಲೆ ದೇವನಹಳ್ಳಿಯ ಸುತ್ತ ಚಪ್ಪರಗಳು ಕಳಚಿ ಬಡಾವಣೆಯ ಕಮಾನುಗಳು ಎದ್ದವು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಸರ್ಕಾರದ ಸ್ವಾಧೀನದಿಂದ ಉಳಿಯಲು ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂರಬೇಕಾಯಿತು. ಸ್ವಾಧೀನ ಕೈಬಿಡುವುದಾಗಿ ಸರ್ಕಾರ ಹೇಳಿದ್ದು 2025ರ ಜುಲೈನಲ್ಲಿ. ಗೌಡರೂ ಒಂದೆರಡು ದಿನ ಅಲ್ಲಿ ಹೋಗಿ ಕೂತು ಬಂದರಂತೆ. ‘ಮಾರಿದೋನು ಯಾವ ಮುಖ ಇಟ್ಕೊಂಡು ಕೂರ್ಲಿ ಅನ್ನಿಸ್ತು. ಆದ್ರೂ ಕೂತೆ.’

ವಾಪಸು ಬರುವಾಗ ರಸ್ತೆ ಪಕ್ಕದ ತಳ್ಳುಗಾಡಿಯ ಮುಂದೆ ಜೀಪು ನಿಲ್ಲಿಸಿದರು. ಹಣ್ಣಿನ ಮೇಲೆ ಬೂದಿಯಂಥ ಪುಡಿ. ಅದನ್ನು ಒರೆಸಬೇಡಿ, ಅದು ಔಷಧಿಯಲ್ಲ, ಹಣ್ಣಿನ ಮೇಣ ಎಂದು ಹಿಂದಿನ ಸೀಟಿನವರಿಗೆ ಅರ್ಧ ಇಂಗ್ಲಿಷಿನಲ್ಲಿ ತಿಳಿಸಿ, ತಿನ್ನುವ ಕ್ರಮ ತೋರಿಸಿದರು. ತೊಟ್ಟಿನ ಕಡೆ ತುಟಿಗಿಟ್ಟು ಹಿಂದಿನಿಂದ ಒತ್ತಬೇಕು. ತಿರುಳು ಬಾಯಿಗೆ ಜಾರುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಬೀಜ ನುಂಗಿ ಅಥವಾ ಉಗುಳಿ. ದಿನವಿಡೀ ವೈನ್ ಕುಡಿದವರು ಒಂದು ಕಿಲೋ ಮುಗಿಸಿದ್ದು ಹತ್ತೇ ನಿಮಿಷದಲ್ಲಿ. ಈ ಸಲ ಉಗುಳುವುದನ್ನು ಎಲ್ಲರೂ ಮಾಡಿದರು.

ಹೋಗುವವರಿಗೆ ಎರಡು ಮಾತು. ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ, ಬಳ್ಳಿಯ ತುಂಬ ಹಣ್ಣಿರುತ್ತದೆ. ವೈನರಿಗೆ ಮೊದಲೇ ಫೋನ್ ಮಾಡಿ ಜಾಗ ಕಾದಿರಿಸಿ. ಗಾಡಿ ಓಡಿಸುವವರು ಗೌಡರಂತೆ ಮೂಸಿದರೆ ಸಾಕು. ಅವರ ಜೀಪಿನ ಫಿಟ್‌ನೆಸ್ ಸರ್ಟಿಫಿಕೇಟು ಮುಂದಿನ ಮಾರ್ಚಿಗೆ ಮುಗಿಯುತ್ತದೆ. ಹೊಸ ಗಾಡಿ ಕೊಳ್ಳುವ ಯೋಚನೆ ಅವರಿಗಿಲ್ಲ.