ಮಾವನ ಲಾರಿ, ಇಪ್ಪತ್ನಾಲ್ಕು ಪಟ್ಟು ಚಿಕ್ಕದು

ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಕಾಫಿ ಕಲಕುವ ಮರದ ಕಡ್ಡಿಗಳು ಯಾಕೆ ಅಷ್ಟು ಬೇಗ ಖಾಲಿಯಾಗುತ್ತವೆ ಅಂತ ಕಳೆದ ವರ್ಷ ಸಣ್ಣ ಗುಸುಗುಸು ಎದ್ದಿತ್ತು. ಕಳ್ಳ ನಾನೇ. ದಿನಕ್ಕೆ ನಾಲ್ಕೈದು ಕಡ್ಡಿ ಜೇಬಿಗಿಳಿಸಿ ಮನೆಗೆ ತರುತ್ತಿದ್ದೆ. ಅವನ್ನೆಲ್ಲ ಉಜ್ಜಿ, ಕತ್ತರಿಸಿ, ಅಂಟಿಸಿ ಒಂದು ಲಾರಿಯ ಹಿಂದಿನ ಬಾಡಿ ಮಾಡಿದೆ. ಅಂಗೈಯಿಂದ ಮೊಣಕೈವರೆಗೆ ಚಾಚುವಷ್ಟು ಉದ್ದದ ಲಾರಿ. ನನ್ನ ಸೋದರಮಾವನ ಟಾಟಾ 1210.

ಅಸಲಿ ಲಾರಿ ಈಗಿಲ್ಲ. 1998ರಲ್ಲಿ ಮಾವ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಗಂಗಾವತಿ ಕಡೆಯಿಂದ ಅಕ್ಕಿ ಹೇರಿಕೊಂಡು ಬೆಂಗಳೂರಿಗೆ ಓಡಿಸುತ್ತಿದ್ದರು. ನಾನು ಐದನೇ ಕ್ಲಾಸಿನಲ್ಲಿದ್ದಾಗ, ಕಂತು ಬಾಕಿ ಬಿದ್ದು, ಫೈನಾನ್ಸಿನವರು ಒಯ್ದರು. ಆಮೇಲೆ ಮಾವ ಇನ್ನೊಬ್ಬರ ಗಾಡಿಗೆ ಡ್ರೈವರ್ ಆಗಲಿಲ್ಲ, ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿಕೊಂಡರು. ನಾನು ಈ ಮಾಡೆಲ್ ಶುರು ಮಾಡುವಾಗ ಅಮ್ಮನಿಗೆ ಫೋನ್ ಮಾಡಿ, ಲಾರಿಯ ಬಣ್ಣ ಯಾವುದಿತ್ತು ಅಂತ ಕೇಳಿದೆ. "ಕುಂಕುಮದ ಬಣ್ಣ. ಯಾಕೋ? ಅವನ ಮುಂದೆ ಮಾತ್ರ ಲಾರಿ ಸುದ್ದಿ ಎತ್ತಬೇಡ" ಅಂದರು ಅಮ್ಮ.

ಸ್ಕೇಲ್ ಮಾಡೆಲಿಂಗ್ ಅಂದರೆ ಆಟದ ಸಾಮಾನು ಜೋಡಿಸೋದು ಅಂತ ಅಂದುಕೊಂಡವರಿಗೆ ಸ್ವಲ್ಪ ಹೇಳಬೇಕು. ಹಾಟ್ ವೀಲ್ಸ್ ಎಲ್ಲರಿಗೂ ಗೊತ್ತು, 1968ರಿಂದ ಬರುತ್ತಿವೆ. ಅವನ್ನು 1:64 ಅಂತ ಕರೆದರೂ ಲಾರಿಯಾಗಲಿ ಕಾರಾಗಲಿ ಒಂದೇ ಅಳತೆಯ ಪ್ಯಾಕೆಟ್ಟಿಗೆ ಹಿಡಿಸುವಂತೆ ಮಾಡಿರುತ್ತಾರೆ. ಸ್ಕೇಲ್ ಮಾಡೆಲ್ಲಿನಲ್ಲಿ ಆ ರಿಯಾಯಿತಿ ಇಲ್ಲ. 1:24 ಅಂದರೆ ಪ್ರತಿಯೊಂದು ಅಳತೆಯೂ ಇಪ್ಪತ್ನಾಲ್ಕನೇ ಒಂದು ಪಾಲು. ಈ ವಿಚಿತ್ರ ಸಂಖ್ಯೆ ಅಡಿ-ಅಂಗುಲದ ಲೆಕ್ಕಕ್ಕೆ ಸರಿಹೊಂದುತ್ತದೆ, ಅಸಲಿಯ ಒಂದು ಅಡಿಗೆ ಮಾಡೆಲ್ಲಿನ ಅರ್ಧ ಅಂಗುಲ. ಜಪಾನಿನ ತಮಿಯಾ, ಇಟಲಿಯ ಇಟಲೇರಿ ತರಹದ ಕಂಪನಿಗಳ ಕಿಟ್ ತೆರೆದರೆ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ನೂರಾರು ಬಿಡಿಭಾಗ, ಒಂದು ಪುಸ್ತಕ. ಕತ್ತರಿಸಬೇಕು, ಉಜ್ಜಬೇಕು, ಬಣ್ಣ ಹೊಡೆಯಬೇಕು, ಅಂಟಿಸಬೇಕು.

ನಾನು ಶುರು ಮಾಡಿದ್ದು 2020ರ ಲಾಕ್‌ಡೌನಿನಲ್ಲಿ, ತಮಿಯಾದ ನಿಸಾನ್ ಸ್ಕೈಲೈನ್ ಕಾರಿನಿಂದ. ಎಲ್ಲ ತಪ್ಪುಗಳನ್ನೂ ಅದರ ಮೇಲೇ ಮಾಡಿದೆ. ಗಾಜನ್ನು ಸೂಪರ್ ಗ್ಲೂನಲ್ಲಿ ಅಂಟಿಸಿದೆ. ಅದರ ಆವಿ ತಗುಲಿ ಬೆಳಗ್ಗೆ ಹೊತ್ತಿಗೆ ವಿಂಡ್‌ಶೀಲ್ಡ್ ಮೇಲೆ ಬಿಳಿ ಮಬ್ಬು. ಜುಲೈ ತಿಂಗಳ ಮಳೆಯಲ್ಲಿ ಬಾಲ್ಕನಿಯಲ್ಲಿ ನಿಂತು ಲ್ಯಾಕರ್ ಹೊಡೆದೆ. ಗಾಳಿಯ ತೇವ ಸೇರಿ ಇಡೀ ಕಾರು ಹಾಲು ಬಿದ್ದಂತೆ ಬೆಳ್ಳಗಾಯಿತು. ಮಾಡೆಲ್ ಸಿಮೆಂಟ್ ನಮ್ಮ ಮಾಮೂಲಿ ಗಮ್ಮಿನ ಹಾಗೆ ನಡುವೆ ಕೂತು ಹಿಡಿಯುವುದಿಲ್ಲ, ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಬೆರಳಿಗೆ ತಾಗಿದ್ದನ್ನು ಗಮನಿಸದೆ ಬಾನೆಟ್ ಮುಟ್ಟಿದೆ. ನನ್ನ ಹೆಬ್ಬೆರಳಿನ ಗುರುತು ಇವತ್ತಿಗೂ ಆ ಕಾರಿನ ಮೇಲಿದೆ, ಆಧಾರ್‌ಗೆ ಕೊಟ್ಟಿದ್ದಕ್ಕಿಂತ ಸ್ಪಷ್ಟವಾಗಿ.

ಐದಾರು ಕಾರು ಆದ ಮೇಲೆ ಲಾರಿ ಮಾಡುವ ಆಸೆ ಬಂತು. ವೋಲ್ವೋ, ಸ್ಕ್ಯಾನಿಯಾ ಕಿಟ್ಟುಗಳು ಸಿಗುತ್ತವೆ. ನಮ್ಮ ಹೆದ್ದಾರಿಯಲ್ಲಿ ಹಾರ್ನ್ ಹೊಡೆದು ಹೋಗುತ್ತಿದ್ದ ಹಳೆಯ ಟಾಟಾ ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ. 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಟಾಟಾ ಲಾರಿ ಮಾಡಲು ಶುರು ಮಾಡಿತು. 1969ರಲ್ಲಿ ಆ ಒಪ್ಪಂದ ಮುಗಿದು ಮೂತಿಯ ಮೇಲಿನ ನಕ್ಷತ್ರ ಹೋಗಿ ಟಿ ಅಕ್ಷರ ಬಂತು. ಹಾಗಾದರೆ ಹಳೆಯ ಬೆಂಜ್ ಲಾರಿಯ ಕಿಟ್ ತಂದು ಬದಲಾಯಿಸೋಣವೇ ಅಂದುಕೊಂಡೆ. ಆಗದ ಮಾತು. ನಮ್ಮ ಕಡೆ ಬಹಳಷ್ಟು ಲಾರಿಗಳಿಗೆ ಕಾರ್ಖಾನೆ ಕೊಡುತ್ತಿದ್ದದ್ದು ಛಾಸಿ, ಇಂಜಿನ್ ಮತ್ತು ಮೂತಿ ಮಾತ್ರ. ಕ್ಯಾಬಿನ್ನು, ಹಿಂದಿನ ಬಾಡಿ ಎಲ್ಲ ಬಾಡಿ ಕಟ್ಟುವ ಶೆಡ್ಡಿನಲ್ಲಿ, ಮರ ಮತ್ತು ತಗಡಿನಲ್ಲಿ ಕಟ್ಟಿಸಬೇಕಿತ್ತು. ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡು ಕಡೆಯ ಶೆಡ್ಡುಗಳು ಇದಕ್ಕೇ ಹೆಸರಾದವು. ಒಂದೇ ದಿನ ಒಂದೇ ಶೋರೂಮಿನಿಂದ ಹೊರಟ ಎರಡು ಲಾರಿ ತಿಂಗಳ ಮೇಲೆ ನೋಡಿದರೆ ಬೇರೆ ಬೇರೆ ಮುಖ. ಕಿಟ್ ಇದ್ದಿದ್ದರೂ ಅದು ಮಾವನ ಲಾರಿ ಆಗುತ್ತಿರಲಿಲ್ಲ.

ಇದ್ದದ್ದು ಒಂದೇ ಒಂದು ಫೋಟೋ. ಅದೂ ಆಯುಧಪೂಜೆಯದು. ಎರಡೂ ಕಡೆ ಬಾಳೆಕಂದು, ಅಡ್ಡಲಾಗಿ ಚೆಂಡುಹೂವಿನ ಹಾರ, ಮುಂದೆ ಬೂದುಗುಂಬಳಕಾಯಿ ಹಿಡಿದು ನಿಂತ ಮಾವ. ಭಕ್ತಿ ಹೆಚ್ಚಾಗಿ ಅರ್ಧ ಲಾರಿ ಕಾಣುವುದೇ ಇಲ್ಲ. ಆದರೆ ಒಂದು ಚಕ್ರ ಪೂರ್ತಿ ಕಾಣುತ್ತಿತ್ತು, ಅದೇ ನನ್ನ ಸ್ಕೇಲು. ಟೈರು 9.00-20. ಅಂದರೆ ಒಂಬತ್ತು ಅಂಗುಲ ಅಗಲ, ಇಪ್ಪತ್ತು ಅಂಗುಲದ ರಿಮ್ಮು. ಪಂಕ್ಚರ್ ಅಂಗಡಿಗೆ ಹೋಗಿ ಅಂಥದ್ದೊಂದು ಟೈರಿಗೆ ಟೇಪು ಹಿಡಿದೆ. ಎತ್ತರ ಒಂದು ಮೀಟರಿಗಿಂತ ಚೂರು ಜಾಸ್ತಿ. ಮಾಡೆಲ್ಲಿನಲ್ಲಿ 42 ಮಿಲಿಮೀಟರ್. ಫೋಟೋದಲ್ಲಿ ಟೈರು ಎಷ್ಟು ಎತ್ತರ ಬಂದಿದೆ ನೋಡಿ, ಬಾಗಿಲು ಅದರ ಎಷ್ಟು ಪಟ್ಟು ಅಂತ ಅಳೆದು, ಹಾಗೇ ಒಂದೊಂದನ್ನೂ ಕಂಡುಹಿಡಿದೆ. ಫೋಟೋ ಓರೆಯಾಗಿ ತೆಗೆದದ್ದರಿಂದ ಎತ್ತರದ ಅಳತೆ ನಂಬಬಹುದಿತ್ತು, ಉದ್ದದ್ದು ನಂಬುವಂತಿರಲಿಲ್ಲ. ಉದ್ದಕ್ಕೆ ಗುಜರಿಯಲ್ಲಿ ನಿಂತಿದ್ದ ಇನ್ನೊಂದು 1210 ಹುಡುಕಿ, ಅಲ್ಲಿಯ ವಾಚ್‌ಮನ್ನಿಗೆ ಎರಡು ಟೀ ಕುಡಿಸಬೇಕಾಯಿತು.

ಆಮೇಲಿನ ನಾಲ್ಕು ತಿಂಗಳು ಎಲ್ಲವನ್ನೂ ಇಪ್ಪತ್ನಾಲ್ಕರಿಂದ ಗುಣಿಸುವ ಹುಚ್ಚು. ಸ್ಟೇಪ್ಲರ್ ಪಿನ್ನು ಅರ್ಧ ಮಿಲಿಮೀಟರ್ ದಪ್ಪ, ಅಂದರೆ ಅಸಲಿಯಲ್ಲಿ 12 ಮಿಲಿಮೀಟರ್ ಸರಳು. ಹಗ್ಗ ಕಟ್ಟುವ ಕೊಕ್ಕೆಗಳು ತಯಾರು. ಬಾಡಿಯ ಹಲಗೆ ಒಂದು ಅಂಗುಲ ದಪ್ಪ, ಹಾಗಾಗಿ ಕಾಫಿ ಕಡ್ಡಿಯನ್ನು ಒಂದು ಮಿಲಿಮೀಟರಿಗೆ ಉಜ್ಜಬೇಕು. ಕ್ಯಾಬಿನ್ ಪ್ಲಾಸ್ಟಿಕ್ ಶೀಟಿನದು. ಚಕ್ರಗಳನ್ನು ಒಂದು ಯುರೋಪಿನ ಲಾರಿ ಕಿಟ್ಟಿನಿಂದ ಕಿತ್ತು ತಂದೆ. ರಿಮ್ಮು ನಮ್ಮದರ ಹಾಗಿರಲಿಲ್ಲ, ಅದನ್ನು ಕಂಪ್ಯೂಟರಿನಲ್ಲಿ ಬಿಡಿಸಿ 3ಡಿ ಪ್ರಿಂಟ್ ಮಾಡಿಸಿದೆ. ಟಾರ್ಪಾಲು ಟಿಶ್ಯೂ ಪೇಪರಿನದು, ಫೆವಿಕಾಲ್ ನೀರಿನಲ್ಲಿ ಅದ್ದಿ ಮಡಚಿದ್ದು. ಬಣ್ಣದ ದಪ್ಪವೂ ಲೆಕ್ಕಕ್ಕೆ ಬರುತ್ತದೆ ಕಣ್ರೀ. ಬ್ರಷ್ಷಿನಲ್ಲಿ ದಪ್ಪಗೆ ಬಳಿದು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ಕೂತರೂ ಅದು ಅಸಲಿಯಲ್ಲಿ 2.4 ಮಿಲಿಮೀಟರ್, ಲಾರಿಗೆ ಗಾರೆ ಮೆತ್ತಿದ ಹಾಗೆ. ಅದಕ್ಕೇ ಏರ್‌ಬ್ರಷ್ಷಿನಲ್ಲಿ ಹಾಲಿನಷ್ಟು ತೆಳ್ಳಗೆ, ಪದರ ಪದರವಾಗಿ. ಬಣ್ಣವನ್ನೂ ಅಸಲಿಗಿಂತ ಒಂದು ಚೂರು ತಿಳಿ ಮಾಡಬೇಕು. ದೂರದ ಬೆಟ್ಟ ಮಸುಕಾಗಿ ಕಾಣುತ್ತದಲ್ಲ, ಚಿಕ್ಕ ವಸ್ತುವಿಗೂ ಕಣ್ಣು ಅದನ್ನೇ ನಿರೀಕ್ಷಿಸುತ್ತದೆ.

ತುಂಬ ಸತಾಯಿಸಿದ್ದು ಕ್ಯಾಬಿನ್ ಮೇಲಿನ "ಶ್ರೀ ಆಂಜನೇಯ" ಅನ್ನುವ ಬಿಳಿ ಅಕ್ಷರ. ಮಾಮೂಲಿ ಪ್ರಿಂಟರಿಗೆ ಬಿಳಿ ಬಣ್ಣ ಗೊತ್ತಿಲ್ಲ. ಬಿಳಿ ಡೆಕಾಲ್ ಹಾಳೆಯ ಮೇಲೆ ಅಕ್ಷರ ಬಿಟ್ಟು ಸುತ್ತಲಿನ ಕೆಂಪನ್ನು ಪ್ರಿಂಟ್ ಮಾಡಬೇಕು, ಆ ಕೆಂಪು ಲಾರಿಯ ಕೆಂಪಿಗೆ ಹೊಂದಬೇಕು. ಹೊಂದಿಸುವಷ್ಟರಲ್ಲಿ ಹನ್ನೊಂದು ಹಾಳೆ ಹೋದವು. ಕಂಪ್ಯೂಟರ್ ಫಾಂಟು ಹಾಕಿದರೆ ಮದುವೆ ಕಾರ್ಡಿನ ಹಾಗೆ ಕಾಣುತ್ತಿತ್ತು. ಕೊನೆಗೆ ಡ್ರಾಯಿಂಗ್ ಶೀಟಿನ ಮೇಲೆ ಕೈಯಲ್ಲೇ ದೊಡ್ಡದಾಗಿ ಬರೆದು, ಸ್ಕ್ಯಾನ್ ಮಾಡಿ, ಕುಗ್ಗಿಸಿದೆ. "ಜ್ಞ"ಗಿಂತ ಕಷ್ಟದ ಅಕ್ಷರ ಇಲ್ಲ ಅಂತ ಶಾಲೆಯಲ್ಲಿ ಅಂದುಕೊಂಡಿದ್ದೆ. "ಶ್ರೀ" ಇದೆ.

ಕೊನೆಯದು ವೆದರಿಂಗ್. ಹೊಸ ಮಾಡೆಲ್ಲಿಗೆ ತುಕ್ಕು, ಕೆಸರು, ಎಣ್ಣೆ ಕಲೆ, ಧೂಳು ಹಚ್ಚಿ ಹಳೆಯದಾಗಿಸುವ ಕಲೆ. ಈ ಹವ್ಯಾಸದವರಿಗೆ ಇದೇ ಪ್ರಾಣ. ನಾನೂ ಕೈಬಿಚ್ಚಿ ಮಾಡಿದೆ. ಬಾಗಿಲ ಕೆಳಗೆ ತುಕ್ಕು, ಮಡ್‌ಗಾರ್ಡಿನ ಮೇಲೆ ಒಣಗಿದ ಕೆಸರು, ಡೀಸೆಲ್ ಟ್ಯಾಂಕಿನ ಕೆಳಗೆ ಸೋರಿದ ಗೆರೆ, ಎಲ್ಲದರ ಮೇಲೆ ಚಾಕ್ ಪುಡಿಯ ಧೂಳು. ಫೋಟೋ ಹಾಕಿದಾಗ ಗೆಳೆಯರು, ಅಸಲಿ ಲಾರಿನೇ ಅಂದ್ಕೊಂಡ್ವಿ ಅಂದರು. ನನಗೂ ಹಾಗೇ ಅನ್ನಿಸಿತ್ತು.

ಅಮ್ಮನ ಮಾತು ಮೀರಿ ಅದನ್ನು ದಾವಣಗೆರೆಗೆ ಒಯ್ದದ್ದು ಈ ದೀಪಾವಳಿಯಲ್ಲಿ. ಬಸ್ಸಿನಲ್ಲಿ ಆರು ಗಂಟೆ ಶೂ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಒಪ್ಪಿಸಿದ್ದು ಉಡುಗೊರೆಯಾ, ಆರಿದ ಗಾಯಕ್ಕೆ ಹಾಕಿದ ಕೈಯಾ, ಅದು ನನಗೇ ಗೊತ್ತಿರಲಿಲ್ಲ. ವಾಪಸ್ ಒಯ್ದುಬಿಡೋಣ ಅಂತ ಎರಡು ದಿನ ಬ್ಯಾಗಿನಿಂದ ತೆಗೆಯಲೇ ಇಲ್ಲ. ಮೂರನೇ ದಿನ ಸಂಜೆ ಜಗಲಿಯಲ್ಲಿ ಮಾವ ಒಬ್ಬರೇ ಕೂತಿದ್ದಾಗ ಡಬ್ಬಿ ಬಿಚ್ಚಿ ಮುಂದಿಟ್ಟೆ.

"ಏನಲೇ ಇದು?" ಅಂದರು. ಕನ್ನಡಕ ತರಿಸಿಕೊಂಡರು. ಎಲ್ಲರೂ ಮೊದಲು ಮೂತಿ ನೋಡುತ್ತಾರೆ. ಮಾವ ಲಾರಿಯನ್ನು ಎತ್ತಿ, ತಿರುಗಿಸಿ, ಅಡಿ ನೋಡಿದರು. ಸ್ಪ್ರಿಂಗ್ ಪಟ್ಟಿಗಳನ್ನು ಉಗುರಿನಲ್ಲಿ ಎಣಿಸಿದರು.

"ಎರಡು ಪಟ್ಟಿ ಕಮ್ಮಿ ಐತಿ. ಲೋಡಿಗೆ ಅಂತ ನಾನು ಎಕ್ಸ್ಟ್ರಾ ಹಾಕ್ಸಿದ್ದೆ."

ಆಮೇಲೆ ಸ್ಟೆಪ್ನಿ ಜಾಗ ತಪ್ಪು. ಟೂಲ್ ಬಾಕ್ಸಿಗೆ ಬೀಗ ಇಲ್ಲ. ಹೀಗೆ ಒಂದೊಂದೇ, ತಪಾಸಣೆಗೆ ನಿಲ್ಲಿಸಿದ ಆರ್‌ಟಿಒ ಅಧಿಕಾರಿಯ ಗತ್ತಿನಲ್ಲಿ. ನನಗೆ ಉಸಿರು ಬಂತು. ಅಷ್ಟರಲ್ಲಿ ಬಾಗಿಲ ಕೆಳಗಿನ ತುಕ್ಕಿನ ಮೇಲೆ ಬೆರಳಿಟ್ಟರು.

"ಇದು ನನ್ನ ಗಾಡಿ ಅಲ್ಲ."

ಒಂದು ಕ್ಷಣ ಅಮ್ಮನ ಮುಖ ಕಣ್ಣ ಮುಂದೆ ಬಂತು. "ಯಾಕೆ ಮಾವ?" ಅಂದೆ.

"ಇಷ್ಟು ಗಲೀಜು ನನ್ನ ಗಾಡಿ ಯಾವತ್ತೂ ಇರ್ಲಿಲ್ಲ. ವಾರಕ್ಕೊಮ್ಮೆ ಭದ್ರಾ ಚಾನೆಲ್ ಪಕ್ಕ ನಿಲ್ಸಿ ತೊಳೀತಿದ್ದೆ. ನೀನೇ ಬರ್ತಿದ್ಯಲ್ಲ, ಮಗ್ಗು ಹಿಡ್ಕೊಂಡು."

ಹೌದು, ಬರುತ್ತಿದ್ದೆ. ರಜೆಯಲ್ಲಿ ಅದೇ ನನಗೆ ಹಬ್ಬ. ಟೈರಿನ ಮೇಲೆ ಹತ್ತಿ ನಿಂತು ಬಾಗಿಲಿಗೆ ನೀರು ಎರಚುವುದು. ಅದನ್ನೆಲ್ಲ ಕಣ್ಣಾರೆ ಕಂಡವನೇ ಕಂಪ್ಯೂಟರ್ ಪರದೆಯ ಮೇಲೆ ಯಾರೋ ಮಾಡಿದ ತುಕ್ಕು ನೋಡಿ ಕಲಿತಿದ್ದೆ.

ಸ್ವಲ್ಪ ಹೊತ್ತು ಮಾವ ಏನೂ ಮಾತಾಡಲಿಲ್ಲ. ಆಮೇಲೆ, ಲಾರಿಯನ್ನು ಕೆಳಗಿಡುತ್ತಾ, "ಫೈನಾನ್ಸಿನವ್ರು ಬಂದ ದಿನಾನೂ ತೊಳೆದೇ ಕೊಟ್ಟಿದ್ದು. ಅವತ್ತೂ ನೀನು ಬಂದಿದ್ದಿ" ಅಂದರು.

ನನಗೆ ಆ ದಿನ ಬೇರೆಯಾಗಿ ನೆನಪಿಲ್ಲ. ನೀರಾಟ ಆಡಿದ ಎಷ್ಟೋ ದಿನಗಳಲ್ಲಿ ಅದೂ ಒಂದು.

ಆ ರಾತ್ರಿ ನಾವಿಬ್ಬರೂ ಕೂತು ಎಲ್ಲಿ ನಿಜವಾಗಿ ಸವೆದಿತ್ತು ಅಂತ ಪಟ್ಟಿ ಮಾಡಿದೆವು. ಡ್ರೈವರ್ ಬಾಗಿಲ ಮೇಲೆ ಮೊಣಕೈ ಊರುವ ಜಾಗದಲ್ಲಿ ಬಣ್ಣ ಹೋಗಿ ತಗಡು ಮಿಂಚುತ್ತಿತ್ತು. ಕ್ಯಾಬಿನ್ ಹತ್ತುವಾಗ ಹಿಡಿಯುವ ಸರಳು ನುಣ್ಣಗಾಗಿತ್ತು. ಎಡಗಡೆ ಬಂಪರಿನ ತುದಿ ಒಳಕ್ಕೆ ಬಾಗಿತ್ತು, ತುಮಕೂರಿನ ಹತ್ತಿರ ಯಾರೋ ರಿವರ್ಸ್ ಬಂದು ಗುದ್ದಿದ್ದು. ಹಿಂದಿನ ಹಲಗೆಗಳು ಮಾತ್ರ ಮೂಟೆ ಎಳೆದೆಳೆದು ಬೆಳ್ಳಗೆ. ಬಾಕಿ ಎಲ್ಲ ಫಳಫಳ.

ಅದೃಷ್ಟಕ್ಕೆ ವೆದರಿಂಗ್ ವಾಪಸ್ ತೆಗೆಯಬಹುದು. ಕೆಳಗಿನ ಬಣ್ಣ ಅಕ್ರಿಲಿಕ್, ಅದರ ಮೇಲೆ ಒಂದು ಪದರ ಕ್ಲಿಯರ್ ಕೋಟ್, ತುಕ್ಕು ಹಚ್ಚಿದ್ದು ಎನಾಮಲ್ಲಿನಲ್ಲಿ. ಎನಾಮಲ್ಲಿನ ಥಿನ್ನರ್ ಅದ್ದಿದ ಹತ್ತಿಕಡ್ಡಿಯಲ್ಲಿ ಮೆಲ್ಲಗೆ ಒರೆಸಿದರೆ ಮೇಲಿನದು ಬರುತ್ತದೆ, ಕೆಳಗಿನದಕ್ಕೆ ಏನೂ ಆಗುವುದಿಲ್ಲ. ಬೆಂಗಳೂರಿಗೆ ಬಂದು ಎರಡು ರಾತ್ರಿ ಅದೇ ಕೆಲಸ. ನಾಲ್ಕು ತಿಂಗಳ ಲಾರಿಯನ್ನು ಕೊನೆಗೂ ತೊಳೆದೆ.

ಫೋಟೋ ಕಳಿಸಿದೆ. ಮಾವ ಫೋನ್ ಮಾಡಿದರು. "ಚೆನ್ನಾಗೈತಿ. ಆದ್ರೆ ಖಾಲಿ ಗಾಡಿ ಯಾಕೆ ನಿಲ್ಸಿದ್ದಿ? ಖಾಲಿ ನಿಂತ್ರೆ ದಿನಕ್ಕೆ ಎಷ್ಟು ಲುಕ್ಸಾನು ಗೊತ್ತಾ?"

ಹಾಗಾಗಿ ಈಗ ಮೂಟೆ. ಥರ್ಮಾಕೋಲಿನ ತುಂಡಿಗೆ ಎಂ-ಸೀಲ್ ತೆಳ್ಳಗೆ ಹೊದಿಸಿ, ಹಸಿ ಇರುವಾಗಲೇ ಹಳೆಯ ಕರ್ಚೀಫ್ ಒತ್ತಿದರೆ ಗೋಣಿಯ ನೇಯ್ಗೆ ಮೂಡುತ್ತದೆ. ಮೂಲೆಗಳನ್ನು ಚಿವುಟಿ ಕಿವಿ ಮಾಡಬೇಕು. ಒಂದೊಂದೂ 40 ಮಿಲಿಮೀಟರ್ ಉದ್ದ. ಎಷ್ಟು ಬೇಕು ಅಂತ ಕೇಳಿದ್ದಕ್ಕೆ, "ಬಿಲ್ಲಿಗೆ ಎಪ್ಪತ್ತೈದು, ಮೇಲೆ ಹಾಕ್ತಿದ್ದದ್ದು ನೂರು" ಅಂದರು. ಒಳಗೆ ಒಂದೇ ದೊಡ್ಡ ಥರ್ಮಾಕೋಲ್ ಇಟ್ಟು ಹೊರಗೆ ಕಾಣುವುದನ್ನು ಮಾತ್ರ ಮಾಡಿದರೆ ಮೂವತ್ತರಲ್ಲಿ ಮುಗಿಯುತ್ತೆ ಮಾವ ಅಂದೆ.

"ಲೆಕ್ಕಕ್ಕೆ ಕಮ್ಮಿ ಬಂದ್ರೆ ಮಿಲ್ಲಿನವ್ನು ಬಿಡ್ತಾನೇನಲೇ?"

ಪ್ರತಿ ಭಾನುವಾರ ಫೋನ್ ಬರುತ್ತದೆ, ಎಷ್ಟಾಯ್ತು ಅಂತ. ಹೋದ ಭಾನುವಾರಕ್ಕೆ 38.