ಹಳೇ ಅಂಬಾಸಿಡರ್‌ ತಗ್ಗಿಸಿ ಬೇರೆ ಎಂಜಿನ್‌ ಕೂರಿಸ್ತೀರಾ? ಎಲ್ಲಿ ತಾಗುತ್ತೆ, ಹೇಗೆ ಅಳೆಯಬೇಕು ಇಲ್ಲಿದೆ ಲೆಕ್ಕ

ಮಧುವನಹಳ್ಳಿ: ಅಮಾವಾಸ್ಯೆ ಬಂತೆಂದರೆ ಕೊಳ್ಳೇಗಾಲದಿಂದ ಮಧುವನಹಳ್ಳಿ, ಕಾಮಗೆರೆ, ಹನೂರು ದಾಟಿ ಮಹದೇಶ್ವರ ಬೆಟ್ಟಕ್ಕೆ ಹೋಗುವ ವಾಹನಗಳ ಸಾಲು ನಿಲ್ಲುವುದೇ ಇಲ್ಲ. ಆ ಸಾಲಿನಲ್ಲಿ ಆಗೊಂದು ಈಗೊಂದು ಹಳೇ ಅಂಬಾಸಿಡರ್‌ ಈಗಲೂ ಕಣ್ಣಿಗೆ ಬೀಳುತ್ತದೆ. ಅಪ್ಪ ಓಡಿಸುತ್ತಿದ್ದ ಕಾರು, ಶೆಡ್‌ನಲ್ಲಿ ಧೂಳು ಹಿಡಿದು ನಿಂತಿತ್ತು, ಮಗ ತೆಗೆದು ಟಿಂಕರಿಂಗ್‌ ಮಾಡಿಸಿ ಬಣ್ಣ ಹೊಡೆಸಿದ ಎನ್ನುವಂಥ ಕಾರುಗಳೇ ಹೆಚ್ಚು.

ಬಣ್ಣ ಒಣಗುವಷ್ಟರಲ್ಲಿ ಎರಡು ಆಸೆ ಹುಟ್ಟುತ್ತವೆ. ಒಂದು, ‘ಸ್ವಲ್ಪ ತಗ್ಗಿಸ್ಬುಡಣ್ಣ, ನೋಡಕ್ಕೆ ಚೆನ್ನಾಗಿರ್ತದೆ’ ಅನ್ನೋದು. ಇನ್ನೊಂದು, ಹಳೇ ಪೆಟ್ರೋಲ್‌ ಎಂಜಿನ್‌ ತೆಗೆದು ಜೋರಾದ ಇನ್ನೊಂದನ್ನು ಕೂರಿಸೋದು. ಒಂದೊಂದನ್ನೇ ಮಾಡಿದರೆ ಸಂಭಾಳಿಸಬಹುದು. ಎರಡನ್ನೂ ಒಟ್ಟಿಗೆ ಮಾಡಿದಾಗಲೇ ಬಾನೆಟ್‌ ಮುಚ್ಚುವುದಿಲ್ಲ, ಆಯಿಲ್‌ ಚೇಂಬರ್‌ ಹಂಪ್‌ಗೆ ಹೊಡೆಯುತ್ತದೆ, ಸ್ಟೀರಿಂಗ್‌ ತಿರುಗಿಸಿದರೆ ರಾಡ್‌ ಉಜ್ಜುತ್ತದೆ ಎಂಬ ತಾಪತ್ರಯ ಶುರುವಾಗುವುದು. ಬೆಟ್ಟದ ತಿರುವಿನಲ್ಲಿ ಚೇಂಬರ್‌ ಒಡೆದು ಆಯಿಲ್‌ ಸುರಿದರೆ ಹೋಗುವುದು ಎಂಜಿನ್‌ ಒಂದೇ ಅಲ್ಲ, ಒಳಗೆ ಕೂತವರ ಜೀವವೂ ಅಪಾಯಕ್ಕೆ ಸಿಲುಕುತ್ತದೆ. ಹಾಗಾಗಿ ಗ್ಯಾರೇಜ್‌ಗೆ ಮುಂಗಡ ಕೊಡುವ ಮುಂಚೆ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಕಂಪನಿಯೇ ಮಾಡಿದ ಅದಲು ಬದಲು

ಅಂಬಾಸಿಡರ್‌ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್‌ ಆಕ್ಸ್‌ಫರ್ಡ್‌ ಸೀರೀಸ್‌ 3 ಕಾರು. ಹಿಂದೂಸ್ತಾನ್‌ ಮೋಟಾರ್ಸ್‌ ಅದನ್ನು 1950ರ ದಶಕದ ಕೊನೆಯಿಂದ 2014ರವರೆಗೆ ಕೋಲ್ಕತ್ತ ಬಳಿಯ ಉತ್ತರಪಾಡಾದಲ್ಲಿ ತಯಾರಿಸಿತು. ಬಹುಕಾಲ ಅದರಲ್ಲಿದ್ದದ್ದು 1489 ಸಿಸಿಯ ಪೆಟ್ರೋಲ್‌ ಎಂಜಿನ್‌. 1990ರ ದಶಕದ ಆರಂಭದಲ್ಲಿ ಕಂಪನಿ ಅದೇ ಬಾಡಿಗೆ ಜಪಾನಿನ ಇಸುಜು ವಿನ್ಯಾಸದ 1817 ಸಿಸಿ ಎಂಜಿನ್ನನ್ನೂ ಐದು ಗೇರಿನ ಬಾಕ್ಸನ್ನೂ ಕೂರಿಸಿತು. ಕಾಂಟೆಸ್ಸಾ ಕಾರಿನಲ್ಲೂ ಇದೇ ಎಂಜಿನ್‌ ಇತ್ತು.

ಅಂದರೆ ಈ ಬಾಡಿಯಲ್ಲಿ ಬೇರೆ ಎಂಜಿನ್‌ ಹಿಡಿಸುವುದು ಅಸಾಧ್ಯವೇನಲ್ಲ. ಆದರೆ ಕಂಪನಿ ಎಂಜಿನ್‌ ಒಂದನ್ನೇ ಇಟ್ಟು ಸುಮ್ಮನಾಗಲಿಲ್ಲ, ಗೇರ್‌ಬಾಕ್ಸನ್ನೂ ಜೊತೆಗೇ ಬದಲಿಸಿತು. ಕಾರನ್ನು ತಗ್ಗಿಸಲೂ ಇಲ್ಲ. ಅಲ್ಲಿಂದ ಕಲಿಯುವುದು ಇಷ್ಟೇ: ಗುಜರಿಯಿಂದ ಎಂಜಿನ್‌ ತರುವುದಾದರೆ ಅದೇ ಮಾದರಿಯ ಅಂಬಾಸಿಡರ್‌ನಿಂದ ಎಂಜಿನ್‌, ಗೇರ್‌ಬಾಕ್ಸ್‌, ಮೌಂಟಿಂಗ್‌, ರೇಡಿಯೇಟರ್‌, ಪ್ರೊಪೆಲ್ಲರ್‌ ಶಾಫ್ಟ್‌ ಎಲ್ಲವನ್ನೂ ಒಂದೇ ಸೆಟ್ಟಾಗಿ ತರುವುದು ಲೇಸು. ವ್ಯಾನ್‌ ಅಥವಾ ಜೀಪಿನ ಡೀಸೆಲ್‌ ಎಂಜಿನ್‌ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಉಳಿದ ಪ್ರತಿಯೊಂದು ಭಾಗವನ್ನೂ ಲೇತ್‌ನಲ್ಲಿ, ವೆಲ್ಡಿಂಗ್‌ನಲ್ಲಿ ಹೊಸದಾಗಿ ಹೊಂದಿಸಬೇಕಾಗುತ್ತದೆ.

ತಗ್ಗಿಸಿದಾಗ ಆಗುವುದೇನು?

ಇದು ಅರ್ಥವಾದರೆ ಅರ್ಧ ಕೆಲಸ ಮುಗಿದಂತೆ. ಕಾರನ್ನು ತಗ್ಗಿಸಿದಾಗ ಬಾಡಿ ಮತ್ತು ಎಂಜಿನ್‌ ಎರಡೂ ಜೊತೆಯಾಗಿ ಕೆಳಗೆ ಇಳಿಯುತ್ತವೆ. ಹಾಗಾಗಿ ಎಂಜಿನ್‌ಗೂ ಬಾನೆಟ್‌ಗೂ ನಡುವಿನ ಜಾಗ ಬದಲಾಗದು. ಆದರೆ ಚಕ್ರ, ಸ್ಟೀರಿಂಗ್‌ ರಾಡ್‌ಗಳ ಹೊರತುದಿ, ಹಿಂದಿನ ಹೌಸಿಂಗ್‌ ಇವು ನೆಲದ ಲೆಕ್ಕದಲ್ಲಿ ಇದ್ದಲ್ಲೇ ಇರುತ್ತವೆ. ಬಾಡಿಯ ಲೆಕ್ಕದಲ್ಲಿ ನೋಡಿದರೆ ಅವು ಮೇಲೆ ಬಂದಂತೆ.

ಹೀಗಾಗಿ ಜಾಗ ಕಡಿಮೆಯಾಗುವುದು ಮುಖ್ಯವಾಗಿ ನಾಲ್ಕು ಕಡೆ: ಚೇಂಬರ್‌ಗೂ ರಸ್ತೆಗೂ ನಡುವೆ, ಸ್ಟೀರಿಂಗ್‌ ರಾಡ್‌ಗೂ ಎಂಜಿನ್ನಿನ ತಳಕ್ಕೂ ನಡುವೆ, ಪ್ರೊಪೆಲ್ಲರ್‌ ಶಾಫ್ಟ್‌ಗೂ ಅದರ ಮೇಲಿನ ತಗಡಿಗೂ ನಡುವೆ, ಟೈರ್‌ಗೂ ಮಡ್‌ಗಾರ್ಡ್‌ಗೂ ನಡುವೆ. ಹೊಸ ಎಂಜಿನ್‌ ಎತ್ತರವಾಗಿದ್ದರೆ ಬಾನೆಟ್‌ ಮುಚ್ಚಲೆಂದು ಅದನ್ನು ಇನ್ನೂ ಕೆಳಗೆ ಕೂರಿಸುತ್ತಾರೆ. ಆಗ ಮೊದಲ ಎರಡು ಜಾಗ ಇನ್ನಷ್ಟು ಕುಗ್ಗುತ್ತವೆ. ಮೇಲೆ ತಾಗಿದ್ದನ್ನು ತಪ್ಪಿಸಲು ಹೋಗಿ ಕೆಳಗೆ ಒಡೆಸಿಕೊಂಡಂತೆ.

ಹಂಪ್‌ ಲೆಕ್ಕ

ಅಂಬಾಸಿಡರ್‌ನ ತಳಕ್ಕೂ ನೆಲಕ್ಕೂ ಇರುವ ಅಂತರ ಸುಮಾರು 16 ಸೆಂ.ಮೀ. ಅದನ್ನು 5 ಸೆಂ.ಮೀ. ತಗ್ಗಿಸಿದರೆ ಉಳಿಯುವುದು 11. ಐದು ಜನ, ಡಿಕ್ಕಿ ತುಂಬ ಸಾಮಾನು ಹೇರಿದಾಗ ಇನ್ನೂ 3 ಸೆಂ.ಮೀ. ಕೂರುತ್ತದೆ ಎಂದು ಇಟ್ಟುಕೊಳ್ಳಿ. ಕೈಯಲ್ಲಿ ಉಳಿದದ್ದು 8 ಸೆಂ.ಮೀ.

ಇಂಡಿಯನ್‌ ರೋಡ್ಸ್‌ ಕಾಂಗ್ರೆಸ್‌ ಹೇಳುವ ಅಳತೆಯ ಹಂಪ್‌ 3.7 ಮೀಟರ್‌ ಅಗಲ, 10 ಸೆಂ.ಮೀ. ಎತ್ತರ ಇರುತ್ತದೆ. ಅಂಬಾಸಿಡರ್‌ನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಸುಮಾರು 2.46 ಮೀಟರ್‌. ಅಂದರೆ ನಾಲ್ಕೂ ಚಕ್ರ ಒಟ್ಟಿಗೆ ಹಂಪ್‌ ಮೇಲೇ ನಿಲ್ಲುತ್ತವೆ. ಆ ಹೊತ್ತಿನಲ್ಲಿ ಕಾರಿನ ನಡುಭಾಗದ ಕೆಳಗೆ ಹಂಪ್‌ ಉಬ್ಬುವುದು ಸುಮಾರು 4.5 ಸೆಂ.ಮೀ. ಮಾತ್ರ. 8 ಸೆಂ.ಮೀ. ಇದ್ದರೆ ನಿಧಾನಕ್ಕೆ ದಾಟಬಹುದು.

ಆದರೆ ಊರೊಳಗೆ ಮನೆ ಮುಂದೆ, ಅಂಗಡಿ ಮುಂದೆ ಹಾಕಿಕೊಂಡ ಕಿರಿದಾದ ಹಂಪ್‌ಗಳ ಕಥೆ ಬೇರೆ. ಹಂಪ್‌ 12 ಸೆಂ.ಮೀ. ಎತ್ತರ ಇದ್ದು ಅಗಲ ಒಂದೇ ಮೀಟರ್‌ ಇದ್ದರೆ, ಮುಂದಿನ ಚಕ್ರ ಇಳಿದ ಮೇಲೆ ಪೂರ್ತಿ 12 ಸೆಂ.ಮೀ. ಕಾರಿನ ಹೊಟ್ಟೆಯ ಕೆಳಗೇ ನಿಲ್ಲುತ್ತದೆ. ಇರುವ ಜಾಗ 8, ಬೇಕಾದ್ದು 12. ಚಕ್ರ ಇಳಿದ ರಭಸಕ್ಕೆ ಮುಂಭಾಗ ಮತ್ತಷ್ಟು ಕುಸಿಯುವುದೂ ಇದೆ. ಚೇಂಬರೋ ಗೇರ್‌ಬಾಕ್ಸೋ ಸೈಲೆನ್ಸರೋ ಹೊಡೆಯಲೇಬೇಕು. ಆದ್ದರಿಂದ ನಿಮ್ಮ ದಿನನಿತ್ಯದ ದಾರಿಯ ಅತಿ ಕೆಟ್ಟ ಹಂಪನ್ನು ಮೊದಲು ಟೇಪ್‌ ಹಿಡಿದು ಅಳೆಯಿರಿ. ಎಷ್ಟು ತಗ್ಗಿಸಬಹುದು ಎಂಬುದನ್ನು ಆ ಹಂಪೇ ಹೇಳುತ್ತದೆ.

ಕೂರಿಸುವ ಮೊದಲು ಒಂದು ತಾಲೀಮು

ಒಳ್ಳೆ ಮೆಕ್ಯಾನಿಕ್‌ಗಳು ಎಂಜಿನ್ನನ್ನು ನೇರ ವೆಲ್ಡ್‌ ಮಾಡಿ ಕೂರಿಸುವುದಿಲ್ಲ. ಮೊದಲು ಗೇರ್‌ಬಾಕ್ಸ್‌ ಸಮೇತ ಚೈನ್‌ ಬ್ಲಾಕ್‌ನಲ್ಲಿ ನೇತುಹಾಕಿ ಬರೀ ಜಾಗ ನೋಡುತ್ತಾರೆ. ಆಗ ಕಾರು ಗಟ್ಟಿ ಸ್ಟ್ಯಾಂಡ್‌ ಮೇಲಿರಬೇಕು. ಜಾಕ್‌ ಒಂದನ್ನೇ ನಂಬಿ ಅಥವಾ ಇಟ್ಟಿಗೆ ಪೇರಿಸಿ ಯಾರೂ ಕೆಳಗೆ ನುಗ್ಗಬಾರದು.

ಅಂಬಾಸಿಡರ್‌ನ ಮುಂಭಾಗದಲ್ಲಿ ಕಾಯಿಲ್‌ ಸ್ಪ್ರಿಂಗ್‌ ಇಲ್ಲ, ಟಾರ್ಷನ್‌ ಬಾರ್‌ ಇದೆ. ಅದನ್ನು ಸಡಿಲಿಸಿ, ಚಕ್ರದ ಕೆಳಗಿನ ಆರ್ಮನ್ನು ರಬ್ಬರ್‌ ಸ್ಟಾಪ್‌ಗೆ ತಾಗುವವರೆಗೆ ಜಾಕ್‌ನಿಂದ ಎತ್ತಬೇಕು. ಗುಂಡಿಗೆ ಬಿದ್ದಾಗ ಚಕ್ರ ಅಷ್ಟು ಮೇಲಕ್ಕೆ ಬರಬಲ್ಲದು. ಆ ಸ್ಥಿತಿಯಲ್ಲೇ ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ನೋಡಬೇಕು. ಕಾರು ಸುಮ್ಮನೆ ನಿಂತಾಗ ತಾಗದ ರಾಡ್‌ ಇಲ್ಲಿ ತಾಗುತ್ತದೆ.

ಕಣ್ಣಿಗೆ ಕಾಣದ ಸಂದಿಗಳಲ್ಲಿ ಜೇಡಿಮಣ್ಣಿನ ಉಂಡೆ ಅಂಟಿಸಿ ಬಾನೆಟ್‌ ಮುಚ್ಚಿ, ಸ್ಟೀರಿಂಗ್‌ ತಿರುಗಿಸಿ, ಆಮೇಲೆ ಮಣ್ಣು ಎಷ್ಟು ದಪ್ಪ ಉಳಿದಿದೆ ಎಂದು ನೋಡುವುದು ಹಳೇ ಉಪಾಯ. ಖರ್ಚಿಲ್ಲ, ಸುಳ್ಳೂ ಹೇಳುವುದಿಲ್ಲ. ಎಂಜಿನ್‌ ರಬ್ಬರ್‌ ಮೌಂಟಿಂಗ್‌ ಮೇಲೆ ಕೂತಿರುವುದರಿಂದ ಆಕ್ಸಿಲರೇಟರ್‌ ಒತ್ತಿದಾಗ ಪಕ್ಕಕ್ಕೆ ವಾಲುತ್ತದೆ. ಹಾಗಾಗಿ ಎಂಜಿನ್‌ಗೂ ಸುತ್ತಲಿನ ಭಾಗಗಳಿಗೂ ನಡುವೆ ಎರಡು ಸೆಂ.ಮೀ. ಆದರೂ ಉಳಿಸಿಕೊಳ್ಳುವುದು ಕ್ಷೇಮ. ಫ್ಯಾನ್‌ ಮತ್ತು ರೇಡಿಯೇಟರ್‌ ನಡುವೆಯೂ ಅಷ್ಟು ಬೇಕು.

ತಾಗಿದರೆ ಪರಿಹಾರ ಏನು?

ಆಯಿಲ್‌ ಚೇಂಬರ್‌: ತಳ ಕತ್ತರಿಸಿ ಎತ್ತರ ಕಡಿಮೆ ಮಾಡುವುದು ಸಾಮಾನ್ಯ ದಾರಿ. ಆದರೆ ಎತ್ತರ ಕಡಿಮೆ ಮಾಡಿದಷ್ಟೂ ಆಯಿಲ್‌ ಹಿಡಿಯುವ ಪ್ರಮಾಣ ಕುಗ್ಗುತ್ತದೆ. ಆ ನಷ್ಟವನ್ನು ಪಕ್ಕಕ್ಕೆ ಅಗಲ ಮಾಡಿ ತುಂಬಿಕೊಳ್ಳಬೇಕು. ಒಳಗಿನ ಆಯಿಲ್‌ ಹೀರುವ ಜಾಲರಿಯನ್ನೂ ಅದಕ್ಕೆ ತಕ್ಕಂತೆ ಮೇಲೆತ್ತಬೇಕು. ಜಾಲರಿ ತಳಕ್ಕೆ ಅಂಟಿದರೆ ಆಯಿಲ್‌ ಬಾರದು, ತೀರಾ ಮೇಲಿದ್ದರೆ ಗಾಳಿ ಎಳೆಯುತ್ತದೆ. ಬೆಟ್ಟದ ತಿರುವುಗಳಲ್ಲಿ ಆಯಿಲ್‌ ಒಂದು ಬದಿಗೆ ಸರಿಯದಂತೆ ಒಳಗೆ ಅಡ್ಡ ತಗಡು ಹಾಕಿಸಬೇಕು. ವೆಲ್ಡಿಂಗ್‌ ಮುಗಿದ ಮೇಲೆ ಹೊರಗಿನ ಬೆಸುಗೆಗೆ ಸೀಮೆಸುಣ್ಣ ಬಳಿದು, ಒಳಗೆ ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ಬಿಡಿ. ಸೋರಿಕೆ ಇದ್ದರೆ ಬೆಳಗ್ಗೆ ಸುಣ್ಣದ ಮೇಲೆ ಕಲೆ ಕಾಣುತ್ತದೆ.

ಬಾನೆಟ್‌: ಎಂಜಿನ್‌ ಇಳಿಸುವ ಮುಂಚೆ ಏರ್‌ ಫಿಲ್ಟರ್‌ ನೋಡಿ. ಬಹಳ ಸಲ ತಾಗುವುದು ಅದೇ. ಹೋಸ್‌ ಪೈಪ್‌ ಹಾಕಿ ಫಿಲ್ಟರನ್ನು ಪಕ್ಕಕ್ಕೆ ಸರಿಸಿದರೆ ಬಾನೆಟ್‌ ಕತ್ತರಿಸುವುದೂ ಬೇಡ, ಎಂಜಿನ್‌ ಇಳಿಸುವುದೂ ಬೇಡ.

ಫ್ಯಾನ್‌: ಜಾಗ ಸಾಲದಿದ್ದರೆ ರೇಡಿಯೇಟರ್‌ ಮುಂದೆ ಎಲೆಕ್ಟ್ರಿಕ್‌ ಫ್ಯಾನ್‌ ಕೂರಿಸಬಹುದು. ಆದರೆ ಹಳೇ ಡೈನಮೋ ಆ ಕರೆಂಟ್‌ ಕೊಡಲಾರದು, ಆಲ್ಟರ್ನೇಟರ್‌ ಬೇಕಾಗುತ್ತದೆ.

ಪ್ರೊಪೆಲ್ಲರ್‌ ಶಾಫ್ಟ್‌: ಗೇರ್‌ಬಾಕ್ಸ್‌ನಿಂದ ಹೊರಬರುವ ಶಾಫ್ಟೂ ಹೌಸಿಂಗ್‌ನ ಪಿನಿಯನ್ನೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಇಲ್ಲದಿದ್ದರೆ ಸ್ಪೀಡ್‌ ಏರಿದಂತೆ ಕಾರು ನಡುಗುತ್ತದೆ, ಜಾಯಿಂಟ್‌ ಕ್ರಾಸ್‌ ಬೇಗ ಹೋಗುತ್ತದೆ. ಮೊಬೈಲಿನ ಲೆವೆಲ್‌ ಆ್ಯಪ್‌ನಿಂದಲೇ ಎರಡೂ ಕೋನ ಅಳೆಯಬಹುದು. ವ್ಯತ್ಯಾಸ ಬಂದರೆ ಹಿಂದಿನ ಕಮಾನ್‌ ಪಟ್ಟಿಗೂ ಹೌಸಿಂಗ್‌ಗೂ ನಡುವೆ ಓರೆಯಾದ ಪ್ಲೇಟ್‌ ಕೊಟ್ಟು ಸರಿಪಡಿಸುತ್ತಾರೆ. ಶಾಫ್ಟ್‌ ಕತ್ತರಿಸಿ ಉದ್ದ ಬದಲಿಸಿದರೆ ಬ್ಯಾಲೆನ್ಸಿಂಗ್‌ ಕಡ್ಡಾಯ.

ಸೈಲೆನ್ಸರ್‌ ಪೈಪ್‌: ಇದು ಬ್ರೇಕ್‌ ಪೈಪ್‌, ವೈರಿಂಗ್‌, ಪೆಟ್ರೋಲ್‌ ಪೈಪ್‌ಗಳ ಹತ್ತಿರ ಹಾದರೆ ತಾಗದಿದ್ದರೂ ಶಾಖಕ್ಕೇ ಹಾನಿ. ನಡುವೆ ತಗಡಿನ ಮರೆ ಕೊಡಬೇಕು.

ಇವನ್ನು ಮಾತ್ರ ಮಾಡಬೇಡಿ

ಸ್ಪ್ರಿಂಗ್‌ಗೆ ಗ್ಯಾಸ್‌ ಹಿಡಿದು ಕಾಯಿಸಿ ‘ಕೂರಿಸುವುದು’ ಅಗ್ಗದ ದಾರಿ. ಮುಂದೆ ಕಾಯಿಲ್‌ ಸ್ಪ್ರಿಂಗ್‌ ಇರುವ ಪ್ರೀಮಿಯರ್‌ ಪದ್ಮಿನಿಯಂಥ ಕಾರುಗಳಲ್ಲಿ ಇದರ ಆಸೆ ಹೆಚ್ಚು. ಕಾಯಿಸಿದ ಉಕ್ಕು ಹದ ಕಳೆದುಕೊಳ್ಳುತ್ತದೆ, ಒಂದು ದಿನ ಮುರಿಯುತ್ತದೆ. ರಬ್ಬರ್‌ ಸ್ಟಾಪ್‌ ಕಿತ್ತು ಜಾಗ ಮಾಡಿಕೊಳ್ಳುವುದೂ ತಪ್ಪು. ಸ್ಟೀರಿಂಗ್‌ ರಾಡ್‌ ತಾಗುತ್ತದೆಂದು ಅದನ್ನೇ ಕಾಯಿಸಿ ಬಗ್ಗಿಸುವುದಂತೂ ಪ್ರಾಣಕ್ಕೆ ಎರವು.

ಬ್ರೇಕ್‌ ಮರೆಯಬೇಡಿ. ಡೀಸೆಲ್‌ ಎಂಜಿನ್‌ ಪೆಟ್ರೋಲ್‌ ಎಂಜಿನ್ನಿಗಿಂತ ತೂಕ. ಮುಂಭಾಗ ಭಾರವಾದ ಕಾರು ಹಳೇ ಡ್ರಮ್‌ ಬ್ರೇಕಿನಲ್ಲೇ ತಾಳಬೆಟ್ಟದ ಕಡೆಗೆ ಇಳಿಯಬೇಕು. ಬ್ರೇಕ್‌ ಬೂಸ್ಟರ್‌ ಇರುವ ಕಾರಿಗೆ ಡೀಸೆಲ್‌ ಎಂಜಿನ್‌ ಹಾಕಿದರೆ ವ್ಯಾಕ್ಯೂಮ್‌ ಪಂಪ್‌ ಇರಲೇಬೇಕು, ಇಲ್ಲದಿದ್ದರೆ ಪೆಡಲ್‌ ಕಲ್ಲಿನಂತೆ ನಿಲ್ಲುತ್ತದೆ. ಎಲ್ಲ ಮುಗಿದ ಮೇಲೆ ವೀಲ್‌ ಅಲೈನ್‌ಮೆಂಟ್‌ ಮಾಡಿಸದೆ ರಸ್ತೆಗೆ ಇಳಿಸಬಾರದು.

ಆರ್‌.ಸಿ.ಯಲ್ಲಿ ಏನಿದೆ ನೋಡಿಕೊಳ್ಳಿ

ಮೋಟಾರು ವಾಹನ ಕಾಯ್ದೆಯ ಸೆಕ್ಷನ್‌ 52ರ ಪ್ರಕಾರ ಆರ್‌.ಸಿ.ಯಲ್ಲಿರುವ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್‌ ಕೂಡ ಇದನ್ನೇ ಎತ್ತಿಹಿಡಿದಿದೆ. ಎಂಜಿನ್‌ ಬದಲಿಸಲು ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು. ಕೆಎ-10 ನಂಬರಿನ ಗಾಡಿಗಳಿಗೆ ಅದು ಚಾಮರಾಜನಗರದ ಆರ್‌ಟಿಒ. ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ವಿಧಿಸಲು ಸೆಕ್ಷನ್‌ 182ಎ ಅವಕಾಶ ಕೊಟ್ಟಿದೆ. ಅಪಘಾತವಾದರೆ ಇನ್ಶೂರೆನ್ಸ್‌ನಲ್ಲೂ ಇದೇ ಪ್ರಶ್ನೆ ಏಳುತ್ತದೆ. ಆದ್ದರಿಂದ ಅರ್ಜಿ ಮೊದಲು, ಎಂಜಿನ್‌ ಖರೀದಿ ಆಮೇಲೆ.

ಇನ್ನೊಂದು ಮಾತು. 50 ವರ್ಷ ದಾಟಿದ ಕಾರುಗಳಿಗೆ 2021ರಿಂದ ‘ವಿಂಟೇಜ್‌’ ನೋಂದಣಿ ಸಿಗುತ್ತದೆ. ಹೊಸ ನೋಂದಣಿ ಶುಲ್ಕ 20,000 ರೂ., ನಂಬರಿನಲ್ಲಿ ‘ವಿಎ’ ಅಕ್ಷರ ಇರುತ್ತದೆ. ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿಗಳಿಗೆ ಮಾತ್ರ. ಆದರೆ ಷರತ್ತು ಇದೆ: ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. 1970ರ ದಶಕದ ಅಂಬಾಸಿಡರ್‌ಗಳು ಈಗ ಆ ವಯಸ್ಸಿಗೆ ಬರುತ್ತಿವೆ. ಇವತ್ತು ಎಂಜಿನ್‌ ಕಿತ್ತು ಹಾಕಿದರೆ ನಾಳೆ ಆ ಅವಕಾಶವೂ ಹೋಗುತ್ತದೆ.

ಹಾಗಾಗಿ ಕಾರಿನ ವಯಸ್ಸು 50ರ ಹತ್ತಿರ ಇದ್ದರೆ ಹಳೇ ಎಂಜಿನ್ನನ್ನೇ ಬೋರ್‌ ಮಾಡಿಸಿ, ಎತ್ತರ ಇದ್ದ ಹಾಗೇ ಬಿಡುವುದು ಉತ್ತಮ. ಬದಲಿಸಲೇಬೇಕು ಎನ್ನುವವರು ಕಂಪನಿ ಕೂರಿಸಿದ್ದ ಎಂಜಿನ್ನನ್ನೇ ಪೂರ್ತಿ ಸೆಟ್ಟಾಗಿ ಹುಡುಕಲಿ. ತಗ್ಗಿಸಲೇಬೇಕು ಎನ್ನುವವರು ಐದು ಜನರನ್ನು ಕೂರಿಸಿ, ಮನೆ ದಾರಿಯ ಹಂಪ್‌ ಅಳೆದು, ಆಮೇಲೆ ಮೆಕ್ಯಾನಿಕ್‌ ಕೈಗೆ ಸ್ಪ್ಯಾನರ್‌ ಕೊಡಲಿ.